ಎಡಕಿವಿ ಸತ್ತ ಹೆಡ್‌ಫೋನು

ನಮ್ಮ ಮನೆಯಲ್ಲಿ ಒಂದು ವಸ್ತುವನ್ನು ಉಳಿಸಿಕೊಳ್ಳುವುದೆಂದರೆ ಸಾಮ್ರಾಜ್ಯವನ್ನು ಉಳಿಸಿಕೊಂಡಷ್ಟೇ ಕಷ್ಟ. ಶತ್ರುಗಳಿಂದಲ್ಲ, ನೆಂಟರಿಂದ. ಶತ್ರು ಬಂದರೆ ಬಾಗಿಲು ಹಾಕಿಕೊಳ್ಳಬಹುದು. ನೆಂಟ ಬಂದು ಚಾಪೆಯ ಮೇಲೆ ಕೂತು, “ಕೆರೆಕೆರೆ, ಅದನ್ನ ನನಗೆ ಕೊಡಿ” ಅಂದನೆಂದರೆ ಅಲ್ಲಿಗೆ ಮುಗಿಯಿತು. ಫಿಜಿಯವನಾಗಿ ಹುಟ್ಟಿದ ಮೇಲೆ ಕೆರೆಕೆರೆಗೆ, ಅಂದರೆ ನೆಂಟಸ್ತಿಕೆಯ ಬೇಡಿಕೆಗೆ, ಇಲ್ಲವೆನ್ನುವಂತಿಲ್ಲ. ಇಲ್ಲವೆಂದವನ ಕೀರ್ತಿ ಸಂಜೆಯೊಳಗೆ ನದಿಯಾಚೆಯ ಹಳ್ಳಿಗಳಿಗೆಲ್ಲ ಮುಟ್ಟುತ್ತದೆ. (ನನ್ನ ಹೆಂಡತಿಯ ಕಡೆಯವರು ಆ ಹಳ್ಳಿಗಳವರೇ.)

ನನ್ನ ಹೊಟ್ಟೆಪಾಡು ಏನೆಂದರೆ, ನೌಸೋರಿಯ ನಮ್ಮ ಮನೆಯ ಮಲಗುವ ಕೋಣೆಯಲ್ಲಿ ಕೂತು ಆಸ್ಟ್ರೇಲಿಯಾದವರ ಬೈಗುಳ ಕೇಳುವುದು. ಆನ್‌ಲೈನಿನಲ್ಲಿ ಕೀಬೋರ್ಡು, ಪ್ರಿಂಟರು, ಟೀವಿ ಮಾರುವ ಒಂದು ಕಂಪನಿಯ ದೂರು ವಿಭಾಗದಲ್ಲಿದ್ದೇನೆ. ಅಪಿಸಾಯಿ ಎಂಬ ನನ್ನ ಹೆಸರು ಗ್ರಾಹಕರ ನಾಲಿಗೆಗೆ ಒಗ್ಗುವುದಿಲ್ಲವೆಂದು ಕೆಲಸದ ಹೊತ್ತಿನಲ್ಲಿ ‘ಆ್ಯಂಡಿ’ ಆಗಿದ್ದೇನೆ. ಪ್ರಿಂಟರನ್ನು ಈಜುಕೊಳಕ್ಕೆ ಬೀಳಿಸಿಕೊಂಡು “ಬಂದಾಗಲೇ ಒದ್ದೆಯಾಗಿತ್ತು” ಎನ್ನುವವರಿಗೂ, ಪ್ಲಗ್ಗನ್ನೇ ಹಾಕದೆ “ಸತ್ತ ಟೀವಿ ಕಳಿಸಿದ್ದೀರಿ” ಎನ್ನುವವರಿಗೂ ಆ್ಯಂಡಿ ಜೇನು ಸುರಿದಂತಹ ದನಿಯಲ್ಲಿ ಕ್ಷಮೆ ಕೇಳುತ್ತಾನೆ. ಹನ್ನೊಂದು ವರ್ಷಗಳಿಂದ ಕೇಳುತ್ತಿದ್ದಾನೆ.

ಮೂರು ತಿಂಗಳ ಹಿಂದೆ ಮೇಲ್ವಿಚಾರಕಿ ಫೋನು ಮಾಡಿದರು. “ನಿಮ್ಮ ಕರೆಗಳಲ್ಲಿ ಹುಂಜ ಕೂಗುತ್ತೆ. ಯಾರೋ ತೆಂಗಿನಕಾಯಿ ತುರೀತಾರೆ. ಮೊನ್ನೆ ಒಂದಿಡೀ ಚರ್ಚಿನ ಹಾಡು ಕೇಳಿಸ್ತು. ಇನ್ನೊಂದು ಸಲ ಮನೆ ಸದ್ದು ಬಂದ್ರೆ ಸುವಾ ಆಫೀಸಿಗೇ ಬಂದು ಕೂರಿ.” ಸುವಾ ಎಂದರೆ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಬಸ್ಸಿನಲ್ಲಿ ಪಕ್ಕದವನ ಕಂಕುಳಡಿ ನಿಲ್ಲುವುದು. ಅಂದಿನಿಂದ ಹುಂಜ ಕತ್ತು ಎತ್ತಿದರೂ ಸಾಕು, ಮೈಕನ್ನು ಅಂಗೈಯಲ್ಲಿ ಮುಚ್ಚಿಕೊಳ್ಳುತ್ತಿದ್ದೆ.

ಹೊರಗಿನ ಸದ್ದನ್ನು ಕಿವಿಗೂ ಮೈಕಿಗೂ ಬಿಡದ ಹೆಡ್‌ಫೋನು ನನ್ನಲ್ಲಿ ಇರಲಿಲ್ಲವೆಂದಲ್ಲ. ಎರಡಿದ್ದವು. ಮೊದಲನೆಯದನ್ನು ಹಲ್ಲು ಕೀಳಿಸಲು ಬಂದ ಹೆಂಡತಿಯ ಚಿಕ್ಕಪ್ಪ ಕೇಳಿ ತೆಗೆದುಕೊಂಡು ಹೋದರು. ಅವರ ಹತ್ತಿರ ಫೋನಿಲ್ಲ. ಭಾನುವಾರ ಅದನ್ನು ಕೊರಳಿಗೆ ಹಾಕಿಕೊಂಡು ಚರ್ಚಿಗೆ ಹೋಗುತ್ತಾರೆ. ಎರಡನೆಯದು ಹೆಂಡತಿಯ ತಮ್ಮ ಸಕಿಯುಸಾನ ಪಾಲಾಯಿತು. ಎರಡು ದಿನಕ್ಕೆಂದು ಬಂದು ಎಂಟು ತಿಂಗಳಿಂದ ನಮ್ಮಲ್ಲೇ ಇರುವ ಮಹಾನುಭಾವ. ಅದನ್ನು ಹಾಕಿಕೊಂಡು ಮೀನು ಹಿಡಿಯಲು ಹೋಗಿ ನದಿಗೆ ಬಿಟ್ಟು ಬಂದ.

“ಹೋದ್ರೆ ಹೋಗ್ಲಿ ಬಿಡಿ, ಲಿತಿಯಾ ಅಪ್ಪ,” ಎಂದಳು, ಮಗಳ ಹೆಸರಿನಿಂದಲೇ ನನ್ನನ್ನು ಕರೆಯುವ ಹೆಂಡತಿ ಮೆರೆಓನಿ. “ನಮ್ಮ ಮದುವೇಲಿ ನಿಮ್ಮಕ್ಕ ನಮ್ಮನೆ ಚಾಪೆ ಎಷ್ಟು ಹೊತ್ಕೊಂಡು ಹೋದ್ರು, ನಾನು ಲೆಕ್ಕ ತೆಗೆದ್ನಾ?”

“ಈಗ ತೆಗೆದೆಯಲ್ಲ.”

“ಕೇಳಿದ್ರಿ ಅಂತ ಹೇಳಿದೆ.” ನಾನು ಕೇಳಿರಲಿಲ್ಲ.

ಮೂರನೆಯದನ್ನು ನಮ್ಮ ಕಂಪನಿಯಿಂದಲೇ ತರಿಸಿದೆ. ಏಳು ವಾರ ಹಡಗಿನಲ್ಲಿ ತೇಲಿ ಬಂತು. ಕಿವಿಗಿಟ್ಟೆ. ಹುಂಜ ಮಾಯ, ತುರಿಮಣೆ ಮಾಯ, ಹೆಂಡತಿಯ ಬಾಯಿ ಮಾತ್ರ ಆಡುತ್ತಿತ್ತು, ಮಾತಿರಲಿಲ್ಲ. ಹತ್ತೊಂಬತ್ತು ವರ್ಷದ ದಾಂಪತ್ಯದಲ್ಲಿ ಅವಳು ಅಷ್ಟು ಸುಂದರವಾಗಿ ಕಂಡದ್ದು ಅದೇ ಮೊದಲು. ಕಣ್ಣು ತುಂಬಿ ಬಂತು. ಹೆಡ್‌ಫೋನು ತೆಗೆದು ಕಣ್ಣೊರೆಸಿಕೊಂಡು ನೋಡಿದರೆ ಪರದೆ ಸರಿಸಿಕೊಂಡು ಸಕಿಯುಸಾ ನಿಂತಿದ್ದಾನೆ.

“ಏನು ಭಾವ, ಹೊಸದಾ? ಚೆನ್ನಾಗಿದೆಯಾ?”

ಮುಂದಿನ ಮಾತು ಅವನ ತುಟಿಯ ಮೇಲೆ ಕೂತಿದ್ದುದು ಕಾಣಿಸಿತು. ಹನ್ನೊಂದು ವರ್ಷ ಕಿವಿಗೆ ಬಿದ್ದ ದೂರುಗಳೆಲ್ಲ ಆಗ ನನ್ನ ಕೈಹಿಡಿದವು.

“ಏನು ಚೆನ್ನಾಗಿದೆ, ಕರ್ಮ,” ಎಂದೆ. “ಎಡಕಿವಿ ಸತ್ತಿದೆ. ಬಲಕಿವೀಲಿ ಎಣ್ಣೆಗೆ ಮೀನು ಹಾಕಿದಂಗೆ ಸದ್ದು. ಹತ್ತು ನಿಮಿಷಕ್ಕೆ ಕಿವಿ ಕಾದು ಕೆಂಪಗಾಗುತ್ತೆ.”

ಕೆಟ್ಟ ವಸ್ತುವನ್ನು ಯಾರೂ ಕೇಳುವುದಿಲ್ಲ. ಅವನು ತುಟಿ ಮುಚ್ಚಿಕೊಂಡು ಹೋದ. ನಾನು ಗೆದ್ದೆ. ಆದರೆ ಗೆಲುವನ್ನು ಕಾಯುವುದೇ ದೊಡ್ಡ ಕೆಲಸವಾಯಿತು. ಪರದೆ ಅಲುಗಿದರೆ ಸಾಕು, ಎಡಕಿವಿ ಹಿಡಿದುಕೊಂಡು ನರಳಬೇಕು. ಗಾಳಿಗೆ ಅಲುಗಿದರೂ ನರಳುತ್ತಿದ್ದೆ. ನಾಲ್ಕು ದಿನಕ್ಕೆ ಮೆರೆಓನಿಯ ಕರುಳು ಕರಗಿತು.

“ಕಿವಿಗೆ ತೆಂಗಿನೆಣ್ಣೆ ಬಿಡ್ತೀನಿ ಬನ್ನಿ. ಅಲ್ಲಾ, ಮೋಸ ಮಾಡಿದೋರ ಮೇಲೆ ದೂರು ಕೊಡಬಾರದಾ?”

“ದೂರು ಕೊಟ್ಟು ಉದ್ಧಾರ ಆದೋರನ್ನ ನಾನು ಕಂಡಿಲ್ಲ ಕಣೇ. ಆ ವಿಭಾಗದಲ್ಲೇ ಇದೀನಿ.”

ಐದನೆಯ ದಿನ ಬೆಳಿಗ್ಗೆ ಒಂದು ಕರೆ ಬಂತು. ಪಾಳಿಯಲ್ಲಿ ಹದಿನಾರು ಜನರಿದ್ದೆವು. ಬಂದದ್ದು ನನ್ನ ಪಾಲಿಗೆ.

“ನಮಸ್ಕಾರ, ನಾನು ಆ್ಯಂಡಿ. ನಿಮ್ಮ ತೊಂದರೆ ಏನು ಸಾರ್?”

“ಆ್ಯಂಡಿಯವರೇ, ತೊಂದರೆ ನನ್ನದಲ್ಲ, ನಮ್ಮ ಭಾವಂದು. ಒಳ್ಳೇ ಮನುಷ್ಯ, ಸ್ವಲ್ಪ ಪೆದ್ದು.”

ದನಿಯ ಗುರುತು ಸಿಕ್ಕಿತು. ಸಕಿಯುಸಾ ಅಡಿಗೆಮನೆಯಲ್ಲಿ ಕೂತು, ಹೆಡ್‌ಫೋನಿನ ಖಾಲಿ ಪೆಟ್ಟಿಗೆಯ ಮೇಲಿದ್ದ ನಂಬರಿಗೆ ಫೋನು ಮಾಡಿದ್ದ. ಕರೆ ಕತ್ತರಿಸುವಂತಿಲ್ಲ, ಎಲ್ಲವೂ ರೆಕಾರ್ಡಾಗುತ್ತದೆ. ಗ್ರಾಹಕರ ಮಾತನ್ನು ಅಲ್ಲಗಳೆಯುವಂತೆಯೂ ಇಲ್ಲ.

“ಅರ್ಥವಾಯಿತು ಸಾರ್,” ಎಂದೆ.

“ನೀವು ಕಳಿಸಿದ ಹೆಡ್‌ಫೋನಿಂದ ಅವರು ಕಿವಿ ಹಿಡ್ಕೊಂಡು ಒದ್ದಾಡ್ತಿದಾರೆ. ಅವರ ಹತ್ರ ಇದ್ದ ಒಳ್ಳೇದನ್ನ ಇಸ್ಕೊಂಡು ಕಳೆದೋನು ನಾನು. ಊಟ ಸೇರ್ತಿಲ್ಲ ನನಗೆ. ಅವರಿಗೆ ಒಂದು ಚೆನ್ನಾಗಿರೋದು ಕಳಿಸಿ ಕೊಡಿ.”

ನಿಜ ಹೇಳುತ್ತೇನೆ, ನಾಚಿಕೆಯಿಂದ ಸತ್ತುಹೋದೆ. ಸುಮ್ಮನೆ ಹೊಸದೊಂದು ಕಳಿಸುತ್ತೇವೆಂದು ಬರೆದುಕೊಂಡಿದ್ದರೆ ಮುಗಿಯುತ್ತಿತ್ತು. ಆದರೆ ಬಾಯಿಗೆ ಹನ್ನೊಂದು ವರ್ಷದ ಅಭ್ಯಾಸ.

“ವಸ್ತು ಈಗ ನಿಮ್ಮ ಕೈಯಲ್ಲಿದೆಯೇ ಸಾರ್? ಒಮ್ಮೆ ಪರೀಕ್ಷೆ ಮಾಡೋಣ.”

“ಇರಿ, ಭಾವ ಒಳಗಿದಾರೆ. ತರ್ತೀನಿ.”

ಪರದೆ ಸರಿಯಿತು. ಅವನ ಕಿವಿಯಲ್ಲಿ ಫೋನು. ನನ್ನ ಎರಡೂ ಕಿವಿಯ ಮೇಲೆ ಹೆಡ್‌ಫೋನು. ನರಳುವುದಕ್ಕೂ ಹೊತ್ತು ಮೀರಿತ್ತು.

“ಆ್ಯಂಡಿಯವರೇ,” ಎಂದ ನನ್ನ ಕಣ್ಣನ್ನೇ ನೋಡುತ್ತ, “ಹೆಡ್‌ಫೋನು ಸಿಕ್ತು.”

“ಸಂತೋಷ ಸಾರ್.”

“ಎಡಕಿವಿ ಎದ್ದು ಕೂತಂಗಿದೆ. ನನ್ನ ಮಾತು ಕೇಳಿಸ್ತಿದೆಯಾ?”

“ಸ್ಪಷ್ಟವಾಗಿ ಸಾರ್.”

“ಕಿವಿ ಬಿಸಿ?”

“ಈಗ ಸ್ವಲ್ಪ ಆಗುತ್ತಿದೆ ಸಾರ್.”

“ಅಂದ್ರೆ ವಸ್ತು ಚೆನ್ನಾಗಿದೆ.”

“ದೋಷವೇನೂ ಇಲ್ಲ ಸಾರ್.” ಕಂಪನಿಯ ಕಟ್ಟಪ್ಪಣೆಯಂತೆ ಕೊನೆಯ ಪ್ರಶ್ನೆಯನ್ನೂ ಕೇಳಲೇಬೇಕಿತ್ತು. ಕೇಳಿದೆ. “ನಮ್ಮಿಂದ ಇನ್ನೇನಾದರೂ ಸಹಾಯ ಆಗಬೇಕೇ ಸಾರ್?”

ಸಕಿಯುಸಾ ಫೋನನ್ನು ನೆಲದ ಮೇಲಿಟ್ಟು, ಚಾಪೆಯ ಮೇಲೆ ಕಾಲು ಮಡಿಸಿ ಕೂತ. ನಮ್ಮಲ್ಲಿ ಹಿರಿಯರ ಮುಂದೆ ಗೌರವಕ್ಕೆ ತಟ್ಟುವಂತೆ ಎರಡೂ ಅಂಗೈ ಬಟ್ಟಲು ಮಾಡಿ, ಗಂಭೀರವಾಗಿ ಮೂರು ಸಲ ಚಪ್ಪಾಳೆ ತಟ್ಟಿದ.

“ಕೆರೆಕೆರೆ, ಭಾವ. ಅದನ್ನ ನನಗೆ ಕೊಡಿ.”

ಕೊಟ್ಟೆ.

“ಕೊಟ್ರಾ? ಹೋಗ್ಲಿ ಬಿಡಿ, ಕೆಟ್ಟಿದ್ದು ತಾನೇ,” ಎಂದಳು ಮೆರೆಓನಿ, ಎಣ್ಣೆ ಬಟ್ಟಲು ಹಿಡಿದು ಬರುತ್ತ.

ಮಧ್ಯಾಹ್ನ ಮೇಲ್ವಿಚಾರಕಿಯ ಪತ್ರ ಬಂತು. ಗ್ರಾಹಕರು ನನಗೆ ಐದಕ್ಕೆ ಐದು ನಕ್ಷತ್ರ ಕೊಟ್ಟಿದ್ದಾರಂತೆ, ‘ಕೇಳಿದ ಕೂಡಲೇ ವಸ್ತು ಕೈಗೆ ಬಂತು’ ಎಂದು ಹೊಗಳಿದ್ದಾರಂತೆ, ಅಭಿನಂದನೆಗಳಂತೆ. ಆದರೆ ಕರೆಯ ಕೊನೆಗೆ ಮನೆಯಲ್ಲಿ ಯಾರೋ ಚಪ್ಪಾಳೆ ತಟ್ಟಿದ್ದು ಕೇಳಿಸುತ್ತದೆ, ಸೋಮವಾರದಿಂದ ಸುವಾಗೆ ಬರತಕ್ಕದ್ದು.

ಸೋಮವಾರ ಬೆಳಿಗ್ಗೆ ಬಸ್ಸಿನವರೆಗೆ ಬೀಳ್ಕೊಡಲು ಸಕಿಯುಸಾನೇ ಬಂದ, ಹೆಡ್‌ಫೋನು ಹಾಕಿಕೊಂಡು. ಬಸ್ಸು ಹೊರಡುವವರೆಗೂ, ಅವನ ಏಳು ತಲೆಮಾರನ್ನು ಕಿಟಕಿಯಿಂದಲೇ ಜಾಲಾಡಿದೆ. ಅವನು ನಗುತ್ತ ಕೈಬೀಸುತ್ತಿದ್ದ. ಒಂದಕ್ಷರವೂ ಅವನಿಗೆ ಕೇಳಿಸಲಿಲ್ಲ. ಅಷ್ಟು ಚೆನ್ನಾಗಿದೆ ಆ ಹೆಡ್‌ಫೋನು.