ನನ್ನ ಮೊಮ್ಮಗ ಜಾಕ್ ಆರಿಸಿದ್ದು

ಊರಾಗ ಯಾರನ್ನ ಕೇಳಿದ್ರೂ ನನ್ನ ಮೊಮ್ಮಗನಿಗೆ ಅರ್ಧ ಹುಚ್ಚು ಅಂತಾರ. ಇದನ್ನ ನಾನು ಒಪ್ಪೂದಿಲ್ಲ. ನಮ್ಮ ಮನಿತನದಾಗ ಯಾವ ಕೆಲಸವನ್ನೂ ಅರ್ಧಕ್ಕ ಬಿಡೋ ಪದ್ಧತಿ ಇಲ್ಲ. ಹುಚ್ಚು ಅಂದಮ್ಯಾಲೆ ಪೂರಾ ಹುಚ್ಚೇ! ಇಂಥಾ ಮೊಮ್ಮಗ ನಿಮ್ಮ ಮನಿಯಾಗ ಇದ್ದಾನೇನು? ಇಲ್ಲಲ್ಲ? ಹಂಗಾದ್ರ ಸುಮ್ಮನ ಕೂತು ಕೇಳ್ರಿ. ನಾನು ಕಲಿತದ್ದು ಮಠದಾಗ ಮರಳಿನ ಮ್ಯಾಲೆ ಬೆರಳಾಡಿಸಿದ ನಾಕು ಅಕ್ಷರ. ಆದರೂ ಮೊಮ್ಮಗನ ಸುದ್ದಿ ಬರಿಯೂದಂದ್ರ ಕೈ ತಾನೇ ಓಡತದ, ತಡೀಲಿಕ್ಕೆ ಆಗೂದಿಲ್ಲ.

ನಿಜಾಮರ ರಾಜ್ಯ ಹೋದ ಮರುವರ್ಷದ ಮಾತು. ನಮ್ಮ ಕಲ್ಯಾಣದಾಗ ಆಗ ಮೋಟಾರ್ ಅಂದ್ರ ಹುಮನಾಬಾದಿನಿಂದ ಬರೋ ಬಸ್ಸು, ಅದೂ ಮನಸ್ಸು ಬಂದ್ರ. ಊರು ಬಿಟ್ಟು ಹೊಂಟಿದ್ದ ವಕೀಲರೊಬ್ಬರು ತಮ್ಮ ಹಳೇ ಮೋಟಾರನ್ನ ನನ್ನ ಮಗನ ಕೊರಳಿಗೆ ಕಟ್ಟಿ ಹೋದ್ರು. ನನ್ನ ಮಗ ತೊಗರಿಬ್ಯಾಳಿ ವ್ಯಾಪಾರಿ. ಅದರ ಮುಖ ಯಾವ ಕಡೆ, ಬಾಲ ಯಾವ ಕಡೆ ಅನ್ನೂದು ಅವನಿಗೆ ದೀಪ ನೋಡಿದಮ್ಯಾಲೇ ತಿಳೀತು. ಅದು ತಾನಾಗಿ ನಡಿಯೂದಿಲ್ಲ ಅಂತ ಎರಡು ಎತ್ತು ಕಟ್ಟಿ ಎಳಕೊಂಡು ಬಂದ್ರು. ಆ ಎತ್ತುಗಳು ಇವತ್ತಿಗೂ ಮೋಟಾರ್ ಕಂಡ್ರ ಮುಖ ತಿರುವತಾವ.

ನನ್ನ ಮೊಮ್ಮಗ ಹುಮನಾಬಾದಿನ ಬಸ್ಸಿನ ಶೆಡ್ಡಿನಾಗ ಎರಡು ವರ್ಷ ಕೈ ಕರ್ರಗ ಮಾಡಿಕೊಂಡು ಬಂದಾಂವ. ಮೋಟಾರ್ ನೋಡಿದ್ದೇ ತಡ, ಅಂವ ಮನಿಯಾಗ ಇರೂದು ಬಿಟ್ಟು ಅದರ ಕೆಳಗ ಇರಾಕ ಹತ್ತಿದ. ನಮ್ಮ ಮನಿಗೆ ಬಂದವರಿಗೆ ಮೊದಲ ಕಾಣೂದು ಅವನ ಎರಡು ಪಾದ. ಬೀಗರು ಬಂದ್ರೂ ಪಾದಕ್ಕೇ ಮಾತಾಡಿಸಬೇಕು, ಕೆಳಗಿಂದ ಉತ್ತರ ಬರತಿತ್ತು. ಒಂದು ದಿನ ಭಿಕ್ಷಾಕ್ಕ ಬಂದ ಅಯ್ಯನವರು ಪಾದ ನೋಡಿ ಗಾಬರಿಯಾಗಿ, ಯಾರಿದು ಅಂದ್ರು. ನಮ್ಮ ಮೊಮ್ಮಗ ರೀ ಅಂದೆ. ಜೀವಂತ ಇದ್ದಾನೇನವ್ವಾ ಅಂದ್ರು. "ಊಟಕ್ಕ ಕರದು ನೋಡ್ರಿ, ತಿಳೀತದ" ಅಂದೆ.

ಮೂರು ತಿಂಗಳಾದಮ್ಯಾಲೆ ಮೋಟಾರ್ ಕೆಮ್ಮಿತು, ಉಗುಳಿತು, ನಡೀತು! ನಾರಾಯಣಪುರದ ಗುಡಿತನಕ ಹೋಗಿ ಬಂದ್ವಿ. ಹೋಗೂದಕ್ಕ ಪೆಟ್ರೋಲ್ ಸಾಕಾಯಿತು, ಬರೂದಕ್ಕ ಮತ್ತ ಎತ್ತು ಬೇಕಾದವು. ಅದನ್ನ ನಾನು ಲೆಕ್ಕಕ್ಕ ಹಿಡಿಯೂದಿಲ್ಲ. ಹೋದದ್ದು ಮೋಟಾರಿನಾಗೇ ಅಲ್ಲೇನು?

ಈಗ ಜಾಕಿನ ಸುದ್ದಿ. ಮೋಟಾರಿನ ಗಾಲಿ ಬಿಚ್ಚಬೇಕಂದ್ರ, ಹೊಟ್ಟಿ ಕೆಳಗ ಕೈ ಹಾಕಬೇಕಂದ್ರ, ಅದನ್ನ ಎತ್ತಿ ಹಿಡೀಬೇಕು. ಹ್ಯಾಂಗ ಎತ್ತಬೇಕು? ಬಂಡಿ ಅಚ್ಚಿಗೆ ಎಣ್ಣಿ ಹಾಕೋವಾಗ ನಮ್ಮ ಕಡೆ ನಾಕು ಮಂದಿ ಹೆಗಲು ಕೊಟ್ಟು ಎತ್ತತಾರ, ಕೆಳಗ ಏನರ ಒಂದು ಆಸರ ಕೊಡತಾರ, ಗಾಲಿ ಕಳೀತಾರ. ಮೋಟಾರ್ ಸೈತ ಬಂಡಿಯ ಜಾತಿನೇ ಅಂತ ಎಲ್ಲಾರೂ ಕೂಡಿ ತೀರ್ಮಾನ ಮಾಡಿದ್ರು. ಪಡಸಾಲಿಗೆ ಹಾಸಿ ಉಳಿದ ಫರ್ಸಿ ಕಲ್ಲು ಇದ್ದವು. ಒಂದರ ಮ್ಯಾಲೊಂದು ಪೇರಿಸಿದ್ರು, ಮೋಟಾರನ್ನ ಅದರ ಮ್ಯಾಲೆ ಕೂಡಿಸಿದ್ರು, ಎತ್ತಿದವರೆಲ್ಲಾ ಚಹಾ ಕುಡಿದು ತಮ್ಮ ತಮ್ಮ ಕೆಲಸಕ್ಕ ಹೋದ್ರು. ಮೊಮ್ಮಗ ಕೆಳಗ ಹೋದ. ಸೊಸಿ ಹೊಳಿಗೆ ಹೋಗಿದ್ದಳು. ನಾನೊಬ್ಬಾಕಿ ಅಂಗಳದಾಗ ತೊಗರಿ ಹಸನ ಮಾಡಾಕತ್ತಿದ್ದೆ.

ಫರ್ಸಿ ನೆಲದಾಗ ಮಲಗಿದ್ರ ನೂರು ವರ್ಷ ಬಾಳತದ. ಪೇರಿಸಿದ್ರ ಅದಕ್ಕ ಸಿಟ್ಟು ಬರತದ ಅಂತ ನಮಗೇನು ಗೊತ್ತು? ಟಣ್ ಅಂತ ಸಪ್ಪಳಾತು. ಕಲ್ಲು ಎರಡು ಹೋಳಾಗಿ ಮೋಟಾರ್ ಒಂದು ಕಡೆ ಕುಸೀತು. ಮೊರ ಒಗದು ಓಡಿದೆ. ಮೋಟಾರಿನ ಮೂತಿ ಹಿಡಿದು ಎತ್ತಾಕ ನೋಡಿದೆ. ನಾನೆಲ್ಲಿ, ಮೋಟಾರೆಲ್ಲಿ! ಅದು ಒಂದು ಕೂದಲೆಳಿಯಷ್ಟೂ ಮ್ಯಾಲೇಳಲಿಲ್ಲ. ಅಳಾಕ ಹತ್ತಿದೆ, ಕೂಗಿದೆ, ಮತ್ತ ಎತ್ತಾಕ ಹೋದೆ. ಆಗ ಕೆಳಗಿಂದ ಮಾತು ಬಂತು.

"ಆಯಿ, ಅಳಬ್ಯಾಡ. ಧೋತರ ಸಿಕ್ಕದ, ನಾ ಸಿಕ್ಕಿಲ್ಲ."

ಧೋತರ ಅಲ್ಲೇ ಬಿಟ್ಟು ಇನ್ನೊಂದು ಬಾಜುದಿಂದ ತೆವಳಿಕೊಂಡು ಹೊರಗ ಬಂದ. ನನ್ನ ಕೂಗು ಕೇಳಿ ಓಣಿಯ ಹೆಣ್ಣಮಕ್ಕಳೆಲ್ಲಾ ಅಷ್ಟೊತ್ತಿಗೆ ಅಂಗಳದಾಗ ಬಂದು ನಿಂತಿದ್ರು. ಮೊಮ್ಮಗ ಅವರನ್ನ ನೋಡಿ ಮತ್ತ ಮೋಟಾರ್ ಕೆಳಗೇ ಹೊಕ್ಕ!

ಅವತ್ತು ರಾತ್ರಿ ಊಟಕ್ಕ ಕೂತಾಗ ನಾನು ಹೇಳಿಬಿಟ್ಟೆ. ನನಗ ನಂಬಿಗಿ ಬರೋವಂಥ ಜಾಕ್ ಮನಿಗೆ ಬರೋತನಕ ನೀ ಅದರ ಕೆಳಗ ಹೋಗಕೂಡದು. ನನ್ನ ಮಗ ಇನ್ನೊಂದು ಮಾತು ಕೂಡಿಸಿದ. ದಸರಾದೊಳಗ ಅಂಥಾ ಜಾಕ್ ಬರಲಿಲ್ಲಂದ್ರ ಮೋಟಾರ್ ಗುಜರಿಗೆ, ಮತ್ತ ದುಬಾರಿ ಜಾಕಿಗೆ ತನ್ನ ಹತ್ರ ರೊಕ್ಕ ಇಲ್ಲ ಅಂದ. ಅಂದ್ರ ಗಟ್ಟಿ ಇರಬೇಕು, ನಂಬಿಗಸ್ತ ಇರಬೇಕು, ಸಸ್ತಾ ಇರಬೇಕು. ಅಂಥಾ ಅಳಿಯನನ್ನೇ ಹುಡುಕಿ ತರೂದು ಕಷ್ಟ, ಜಾಕ್ ಎಲ್ಲಿಂದ ತರೂದು! ಮೊಮ್ಮಗ ರೊಟ್ಟಿ ಅರ್ಧಕ್ಕ ಬಿಟ್ಟು ಎದ್ದು ಹೋದ. ಮೋಟಾರ್ ಹೋದ್ರ ಅವನ ಜೀವದಾಗಿನ ಜೀವ ಹೋದಂಗ ಅಂತ ನನಗ ಅವತ್ತೇ ತಿಳೀತು.

ಮರುದಿನ ಹುಮನಾಬಾದಿಗೆ ಹೊಂಟ. ನನ್ನನ್ನೂ ಹೊಂಡಿಸಿದ! ಸೊಸಿ, ಮೋಟಾರ್ ಸಾಮಾನು ತರಾಕ ಅತ್ತಿಯವರು ಯಾಕ ಅಂತ ಕೇಳಿದ್ರ, ಬೇಕು ಅಂದ ಅಷ್ಟ. ಚೌಕಾಸಿ ಮಾಡಾಕ ಇರಬೇಕು ಅಂತ ನಾನೂ ಸೆರಗು ಬಿಗಿದು ಹೊಂಟೆ.

ಹುಮನಾಬಾದಿನ ಬಜಾರದಾಗ ಹಳೇ ಕಬ್ಬಿಣದ ಅಂಗಡಿ ಒಂದಿತ್ತು. ಲಡಾಯಿ ಮುಗಿದಮ್ಯಾಲೆ ಮಿಲ್ಟ್ರಿಯವರು ಹರಾಜಿಗೆ ಹಾಕಿದ ಮಾಲೆಲ್ಲಾ ಅಲ್ಲಿ ಗುಡ್ಡದಂಗ ಬಿದ್ದಿತ್ತು. ಆ ಗುಡ್ಡದ ನಡುವ ಅಂಗಡಿ ಚಾಚಾ. ಮೊದಲು ಒಂದು ಪೇಚಿನ ಜಾಕ್ ತಂದಿಟ್ಟ. ತಿರುವಿದ್ರ ಏಳತದ, ಹಿಂದಕ್ಕ ತಿರುವಿದ್ರ ಇಳೀತದ. ಮೊಮ್ಮಗ ಅದನ್ನ ತಿರುಗಿಸಿ ಮುರುಗಿಸಿ ನೋಡಿದ, ಮೂಸಿ ನೋಡಿದ, ಕಿವಿ ಹಚ್ಚಿ ಕೇಳಿದ. ಆಮ್ಯಾಲೆ ಅದರ ಹಿಡಿಕಿ ನನ್ನ ಕೈಗೆ ಕೊಟ್ಟು, "ಆಯಿ, ನೀ ತಿರುವು" ಅಂದ.

ನಾನು ತಿರುವಿದೆ. ಜಾಕ್ ತಿರುಗಲಿಲ್ಲ, ನನ್ನ ಕೈಯಾಗಿನ ಬಳಿ ತಿರುಗಿದವು. ಬ್ಯಾಡ ಅಂದ. ಇದರ ಪಾದ ಸಣ್ಣದು, ಮಳಿಗಾಲಕ್ಕ ನಮ್ಮ ಅಂಗಳದಾಗ ಹೂತು ಹೋಗತದ ಅಂತಲೂ ಅಂದ.

ಚಾಚಾ ಒಂದು ಲಾರಿ ಜಾಕ್ ಉರುಳಿಸಿಕೊಂಡು ಬಂದ. ಆನಿ ಬೇಕಾದ್ರೂ ಎತ್ತತದ ಅಂತ ಅದರ ಬೆನ್ನು ತಟ್ಟಿದ. ಮೊಮ್ಮಗ ಗೇಣು ಹಾಕಿ ಅದರ ಎತ್ತರ ಅಳೆದ, ಮನಸ್ಸಿನಾಗ ನಮ್ಮ ಮೋಟಾರಿನ ಹೊಟ್ಟಿ ಅಳೆದ.

"ಚಲೋ ಅದ ಚಾಚಾ. ಮೊದಲ ಮೋಟಾರ್ ಎತ್ತಿ ಹಿಡಿದ್ರ, ಆಮ್ಯಾಲೆ ಇದನ್ನ ಕೆಳಗ ಇಡಬಹುದು."

ಅವತ್ತು ಬರಿಗೈಲೆ ಬಂದ್ವಿ. ಮುಂದಿನ ಸಂತಿಗೆ ಮತ್ತ ಹೋದ್ವಿ. ಚಾಚಾ ಹೊಸ ಬಣ್ಣ ಬಳಿದ ಎಣ್ಣಿ ಜಾಕ್ ತಗದಿಟ್ಟಿದ್ದ. ಒಳಗ ಎಣ್ಣಿ ಇರತದಂತ, ಹಿಡಿಕಿ ಒತ್ತಿದಂಗೆಲ್ಲಾ ಆ ಎಣ್ಣಿನೇ ಭಾರ ಎತ್ತತದಂತ. ಬಣ್ಣ ನೋಡಿ ನಾನು ಮರುಳಾದೆ. ಮೊಮ್ಮಗ ಆಗಲಿಲ್ಲ. ಅದನ್ನ ಕಾಳು ಮಾರೋ ಅಡತಿ ಬಜಾರಕ್ಕ ಒಯ್ದು, ಚೀಲ ಹೇರಿ ನಿಂತ ಒಂದು ಬಂಡಿಯ ಕೆಳಗ ಇಟ್ಟು ಎತ್ತಿದ. ಜಾಕಿನ ಕೊರಳಿಗೆ ಇದ್ದಲಿಲೆ ಒಂದು ಗೆರಿ ಎಳೆದ. ಎಳೆದು ಅದರ ಮುಂದ ಚಕ್ಕಳಮಕ್ಕಳ ಹಾಕಿ ಕೂತ. ಬಂಡಿಯವ ಚಹಾ ಕುಡಿದು ಬಂದ, ಇಂವ ಕೂತೇ ಇದ್ದ. ಬಂಡಿಯವ ಊಟ ಮಾಡಿ ಬಂದ, ಇಂವ ಕೂತೇ ಇದ್ದ. ಯಾರೋ ಪಾಪ, ಏನು ಹರಕಿ ಹೊತ್ತಾನೋ ಅಂತ ಮುಂದ ಒಂದು ಬಾಳಿಹಣ್ಣು ಇಟ್ಟು ಹೋದ್ರು! ಕಡೀಕ ನೋಡಿದ್ರ ಇದ್ದಲಿನ ಗೆರಿ ಜಾಕಿನ ಹೊಟ್ಟಿಯೊಳಗ ಮಾಯ ಆಗಿತ್ತು. ಬಂಡಿ ಸಾವಕಾಶ ಕೆಳಗಿಳಿದಿತ್ತು.

ಚಾಚಾ ಗಡ್ಡ ತಿಕ್ಕೊಂಡ. "ಬೇಟಾ, ವಯಸ್ಸಾದಮ್ಯಾಲೆ ಎಲ್ಲಾರೂ ಸ್ವಲ್ಪ ಕೆಳಗ ಬರತಾರಲ್ಲ."

"ಬರಲಿ ಚಾಚಾ. ಅವರ ಕೆಳಗ ನಾ ಮಲಗಿರಂಗಿಲ್ಲ. ಇದರ ಕೆಳಗ ಮಲಗಿರತೀನಿ."

ಚಾಚಾ ನಗೂದು ಬಿಟ್ಟು ಆ ಜಾಕನ್ನ ಬ್ಯಾರೆ ಬಾಜು ಇಟ್ಟ.

ಹಿಂಗ ಮಳಿಗಾಲ ಮುಗೀತು. ಪ್ರತಿ ಸಲ ನಾನು ಜೊತಿಗೆ, ಪ್ರತಿ ಜಾಕಿನ ಹಿಡಿಕಿ ನನ್ನ ಕೈಗೆ. ಹುಮನಾಬಾದಿನ ಬಜಾರಕ್ಕೆಲ್ಲಾ ನಾನು ಜಾಕಿನ ಆಯಿ ಆಗಿಬಿಟ್ಟೆ. ಮೋಟಾರ್ ಹೊಡಿಯೋರು ಯಾರು ಅಂತ ಚಾಚಾ ಒಂದು ದಿನ ಕೇಳಿದ. ನಾನೇ ಅಂದ ಮೊಮ್ಮಗ. ಮತ್ತ ಹಿಡಿಕಿ ಯಾಕ ಆಯಿಯವರ ಕೈಗೆ ಕೊಡತಿ ಅಂತ ಕೇಳಿದ್ರ, ಇನ್ನೊಂದು ತೋರಸ್ರಿ ಅಂತ ಮಾತು ಮರಸಿದ. ಊರಾಗ ನಗಾಕ ಹತ್ತಿದ್ರು. ಮುದುಕಿಯನ್ನ ಹಮಾಲಿ ಮಾಡತಾನ ಅಂದ್ರು. ನನಗೂ ಒಳಗ ಚುರ್ ಅಂತಿತ್ತು, ಆದರೂ ಬಿಟ್ಟುಕೊಡಲಿಲ್ಲ. ನನ್ನ ತೋಳಿನಾಗ ಶಕ್ತಿ ಅದ, ಅದಕ್ಕ ಕರೀತಾನ ಅಂದೆ.

ದಸರಾಕ್ಕ ಹದಿನೈದು ದಿನ ಉಳಿದಾಗ ಚಾಚಾನ ಕಬ್ಬಿಣದ ಗುಡ್ಡದ ಬುಡದಾಗ ಒಂದು ವಿಚಿತ್ರ ಜಾಕ್ ಸಿಕ್ತು. ಇದೂ ಎಣ್ಣಿ ಜಾಕೇ, ಆದ್ರ ಆಮಿ ಹಂಗ ನೆಲಕ್ಕ ಅಂಟಿಕೊಂಡದ್ದು. ಕೆಳಗ ಸಣ್ಣ ಸಣ್ಣ ಕಬ್ಬಿಣದ ಗಾಲಿ, ಹಿಂದ ಆಳೆತ್ತರದ ಹಿಡಿಕಿ. ನಾಕು ಗಾಲಿಯಾಗ ಒಂದು ಮುರಿದಿತ್ತು, ಅದಕ್ಕ ಯಾರೂ ಮುಟ್ಟಿರಲಿಲ್ಲ. ಮೊಮ್ಮಗ ಅದನ್ನ ಅದೇ ಅಡತಿ ಬಜಾರಕ್ಕ ಎಳಕೊಂಡು ಹೋಗಿ ಬಂಡಿ ಕೆಳಗ ಸರಿಸಿದ. ಹಿಡಿಕಿ ನನಗ ಕೊಟ್ಟ. ನಾನು ಒತ್ತಿದೆ.

ಏನು ಹೇಳಲಿ! ಚೀಲ ಹೇರಿದ ಬಂಡಿ ನನ್ನ ಕೈಯಾಗ ಎದ್ದಿತು! ಹಿಡಿಕಿ ಉದ್ದ ಇದ್ದದ್ದಕ್ಕ ಭಾರನೇ ಹತ್ತಲಿಲ್ಲ. ಇನ್ನೊಂದು ಸಲ ಒತ್ತಿದೆ, ಇನ್ನಷ್ಟು ಎದ್ದಿತು. ಮೂರನೇದಕ್ಕ ಬಂಡಿಯವನೇ ಸಾಕ್ರೆವ್ವಾ ಅಂತ ಕೈ ಮುಗಿದ. ಮತ್ತ ಇದ್ದಲಿನ ಗೆರಿ, ಮತ್ತ ಚಕ್ಕಳಮಕ್ಕಳ. ಹೊತ್ತು ಮುಳುಗಾಕ ಬಂತು, ಗೆರಿ ಎಲ್ಲಿತ್ತೋ ಅಲ್ಲೇ ಇತ್ತು. ಮೊಮ್ಮಗನ ಮುಖದಾಗ ಅವತ್ತು ಕಂಡ ಬೆಳಕನ್ನ ನಾನು ಯಾವ ದೀಪಾವಳಿಯಾಗೂ ಕಂಡಿಲ್ಲ.

ಈಗ ನನ್ನ ಸರದಿ. ಮೂರು ಕಾಲಿನ ಎತ್ತನ್ನ ಯಾರು ಕೊಳ್ಳತಾರ ಅಂದೆ. ಚಾಚಾ, ಇದು ಎತ್ತಲ್ಲ, ಎತ್ತೋ ಸಾಮಾನು ಅಂದ. ಹಂಗಾದ್ರ ಮೂರು ಗಾಲಿಗೆ ತಕ್ಕ ರೇಟು ಹೇಳ್ರಿ ಅಂದೆ. ಕಡೀಕ ಅಂವ, ಆಯಿಯವರ ತೋಳಿಗಿಂತ ಬಾಯಿ ಜೋರು ಅಂತ ನಕ್ಕು ನಾ ಹೇಳಿದ್ದಕ್ಕೇ ಕೊಟ್ಟ. ಬಸ್ಸಿನ ಮ್ಯಾಲೆ ಹಾಕಂದ್ರ ಮೊಮ್ಮಗ ಒಪ್ಪಲಿಲ್ಲ. ಹಿಡಿಕಿ ಬಿಚ್ಚಿ ಬಾಜು ಇಟ್ಟು, ಜಾಕಿಗೆ ನನ್ನ ಶಾಲು ಸುತ್ತಿ ತೊಡಿ ಮ್ಯಾಲೆ ಕೂಡಿಸಿಕೊಂಡ. ಬಾಜುದಾಕಿ ಕೂಸು ಎಷ್ಟು ತಿಂಗಳದು ಅಂತ ಕೇಳಿದಳು. ನಾನು, ಈಗ ನಡಿಯಾಕ ಕಲಿತದ ಅಂದೆ.

ಕಂಬಾರ ನಾಕನೇ ಗಾಲಿ ಮಾಡಿಕೊಟ್ಟ. ಮೋಟಾರ್ ಕೆಳಗ ಆಸರ ಕೊಡಾಕ ಮೊಮ್ಮಗ ಜಾಲಿ ಗಿಡದ ದಪ್ಪ ಮೊಟಕು, ಅಂದ್ರ ಕಟಗಿ ತುಂಡು, ಕೊಯ್ಸಿಕೊಂಡ. ಜಾಕ್ ಇರೂದು ಎತ್ತಾಕ, ಹೊರಾಕ ಮೊಟಕು, ಎಂಥಾ ಜಾಕ್ ಆದ್ರೂ ಅದೊಂದರ ಮ್ಯಾಲೇ ಜೀವ ಇಡಬಾರದು ಅಂದ. ಎಲ್ಲಾ ಸರಿ ಆಯಿತು ಅನ್ನೂದ್ರೊಳಗ ನಮ್ಮ ಸೊಸಿ ಒಂದು ಪುಣ್ಯದ ಕೆಲಸ ಮಾಡಿದಳು. ಜಾಕಿನಾಗ ಎಣ್ಣಿ ಕಡಿಮಿ ಆಗ್ಯಾದ ಅಂತ ಮೊಮ್ಮಗ ಅಂದದ್ದು ಕೇಳಿ, ಅಂವ ಮನಿಯಾಗ ಇಲ್ಲದಾಗ ಕುಸುಬಿ ಎಣ್ಣಿ ತುಂಬಿಬಿಟ್ಟಳು! ನಮ್ಮ ಮನಿಯಾಗ ಎಣ್ಣಿ ಅಂದ್ರ ಕುಸುಬಿ ಎಣ್ಣಿನೇ. ಪಲ್ಯಕ್ಕೂ ಅದೇ, ತಲಿಗೂ ಅದೇ, ಜಾಕಿಗ್ಯಾಕ ಬ್ಯಾರೆ? ಮೊಮ್ಮಗ ಮೋಟಾರನ್ನ ಎತ್ತಿ ನೋಡಿದ. ಎದ್ದಿತು, ಚಂದ ಎದ್ದಿತು. ತಾನಾಗಿ ಇಳೀತದೋ ನೋಡೂಣಂತ ಹಂಗೇ ಎತ್ತಿಟ್ಟು ಬಿಟ್ಟ. ಕುಸುಬಿ ಎಣ್ಣಿ ಒಣಗಿದ್ರ ಅಂಟಾಗತದ ಅಂತ ಬಾಣಲಿ ತಿಕ್ಕೋ ನಮಗ ಗೊತ್ತಿರಬೇಕಿತ್ತು. ವಾರದಮ್ಯಾಲೆ ಇಳಿಸಾಕ ಹೋದ್ರ ಜಾಕ್ ಇಳೀಲೇ ಇಲ್ಲ. ಮೋಟಾರ್ ನಾಯಿ ಕಾಲೆತ್ತಿದಂಗ ಅಂಗಳದಾಗ ನಿಂತುಬಿಟ್ಟಿತು. ಹೋಗಿ ಬರೋರೆಲ್ಲಾ, ಇನ್ನೂ ಮುಗೀಲಿಲ್ಲೇನು ಅಂತ ಕೇಳಾಕ ಹತ್ತಿದ್ರು.

ನನ್ನ ಮಗ, ದಸರಾ ಬಂತು ಅಂತ ಒಂದೇ ಮಾತು ಅಂದ. ಗುಜರಿಯವ ಬಂದು ಮೋಟಾರಿನ ಸುತ್ತ ಒಂದು ಸುತ್ತು ಹಾಕಿಯೂ ಹೋದ. ಮೊಮ್ಮಗ ತಾಯಿಗೆ ಏನೂ ಅನ್ನಲಿಲ್ಲ. ಮಂದಿ ಕರದು, ಕಬ್ಬಿಣದ ಹಾರಿ ಹಾಕಿ ಮೋಟಾರ್ ಎತ್ತಿಸಿ, ಜಾಕ್ ಬಿಡಿಸಿಕೊಂಡ. ಅದರ ಕರುಳೆಲ್ಲಾ ಬಿಚ್ಚಿ ದೀಪಕ್ಕ ಹಾಕೋ ಘಾಸಲೇಟ ಎಣ್ಣಿಲೆ ತೊಳೆದ, ಬಿಸಿಲಿಗೆ ಹರವಿದ. ಬಸ್ಸಿನ ಶೆಡ್ಡಿನಿಂದ ಅದರದೇ ಎಣ್ಣಿ ತಂದು ತುಂಬಿದ. ಸೊಸಿ ಮಾತ್ರ ಅತ್ತು ಅತ್ತು, ಆ ದಿನ ಪಲ್ಯಕ್ಕೂ ಎಣ್ಣಿ ಹಾಕಲಿಲ್ಲ.

ದಸರಾದ ಹಿಂದಿನ ದಿನ ಮನಿಮಂದಿ ಎಲ್ಲಾ ಅಂಗಳದಾಗ ನಿಂತ್ವಿ. ಜಾಕ್ ಸರಿಸಿದ. ಹಿಡಿಕಿ ಮತ್ತ ನನ್ನ ಕೈಗೆ ಬಂತು. ಒತ್ತಿದೆ, ಮೋಟಾರ್ ಎದ್ದಿತು. ಇಳಿಸಂದ, ಇಳೀತು. ಮತ್ತ ಎತ್ತಿದೆ. ಮೊಟಕು ಕೊಟ್ಟ. ನನ್ನ ಮಗ ಬಗ್ಗಿ ಕೆಳಗ ನೋಡಿದ, ಮೊಟಕನ್ನ ಒದ್ದು ನೋಡಿದ, ಅಲ್ಲಾಡಲಿಲ್ಲ. ಗುಜರಿಯವನಿಗೆ ಬರಬ್ಯಾಡ ಅಂತ ಹೇಳಿ ಕಳಿಸತೀನಿ ಅಂತ ಅಂಗಡಿಗೆ ಹೋದ. ಸೊಸಿ ರೊಟ್ಟಿ ಬಡಿಯಾಕ ಒಳಗ ಹೋದಳು.

ನಾನೂ ಏಳಾಕ ಹೋದ್ರ ಮೊಮ್ಮಗ ನನ್ನ ಸೆರಗು ಹಿಡಿದ.

"ಆಯಿ, ನೀ ಇಲ್ಲೇ ಕೂಡು. ಹಿಡಿಕಿ ಹತ್ರ."

"ಮೊಟಕು ಕೊಟ್ಟೀಯಲ್ಲಪ್ಪಾ. ನಾ ಯಾಕ?"

ಅಂವ ಅಂಗಿ ತೋಳು ಮಡಚಾಕತ್ತಿದ್ದ. ನನ್ನ ಮುಖ ನೋಡಲಿಲ್ಲ.

"ಅವತ್ತ ಕಲ್ಲು ಒಡದಾಗ ಎತ್ತಾಕ ಆಗಲಿಲ್ಲಂತ ಎಷ್ಟು ಅತ್ತಿ. ಧೋತರ ಸಿಕ್ಕದ್ದು ನನಗೇನೂ ಅನಿಸಲಿಲ್ಲ. ಕೆಳಗ ಮಲಗಿ ನಿನ್ನ ಅಳು ಕೇಳೂದು ಆಗಲಿಲ್ಲ. ಅವ್ವ ಹೊಳಿಗೆ ಹೋದ್ರ ಹಗಲೊತ್ತು ಮನಿಯಾಗ ಇರಾಕಿ ನೀ ಒಬ್ಬಾಕಿ. ಇನ್ನ ಏನರ ಆದ್ರ ನೀನೇ ಎತ್ತತಿ."

ಅಂದು ಮೋಟಾರ್ ಕೆಳಗ ಹೊಕ್ಕ. ಎರಡು ಪಾದ ಹೊರಗ ಉಳಿದವು. ನಾನು ಹಿಡಿಕಿ ಹಿಡಕೊಂಡು ಕೂತೆ. ಸ್ವಲ್ಪೊತ್ತು ಟಕ್ ಟಕ್ ಸಪ್ಪಳ ಬಂತು, ಆಮ್ಯಾಲೆ ನಿಂತಿತು. ಗಡಬಡಿಸಿ ಬಗ್ಗಿ ನೋಡಿದೆ. ಎದಿ ಮ್ಯಾಲೆ ನಟ್ಟು ಬಿಚ್ಚೋ ಪಾನಾ ಇಟ್ಟುಕೊಂಡು, ಅಷ್ಟು ಭಾರದ ಮೋಟಾರಿನ ಕೆಳಗ, ನನ್ನ ಮೊಮ್ಮಗ ಕೂಸಿನಂಗ ನಿದ್ದಿ ಮಾಡಾಕತ್ತಿದ್ದ. ಎಷ್ಟು ರಾತ್ರಿ ನಿದ್ದಿಗೆಟ್ಟಿದ್ದನೋ ಏನೋ.

ಒಳಗಿಂದ ಸೊಸಿ, ರೊಟ್ಟಿ ಆರಾಕತ್ತಾವ, ಇಬ್ಬರೂ ಬರ್ರಿ ಅಂತ ಕೂಗಿದಳು.

"ತಡಿಯವ್ವಾ" ಅಂದೆ ಸಣ್ಣ ದನಿಲೆ. "ನಮ್ಮ ಕೆಲಸ ನಡದದ."