ಎದುರು ಮನೆಯ ಕಾರಿನ ಸಪ್ಪಳ

ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸದೆ ನಾನು ಒಂದು ಗುಟುಕು ಚಹಾ ಕೂಡ ಕುಡಿಯುವವಳಲ್ಲ. ಜ್ವರ ಬಂದಾಗಲೂ ತಪ್ಪಿಲ್ಲ, ಮಗಳು ಶಿವಾನಿಯ ಮದುವೆಯ ಗದ್ದಲದಲ್ಲೂ ತಪ್ಪಿಲ್ಲ, ಸುಣ್ಣ ಬಳಿಯುವವರು ದೇವರ ಕೋಣೆಯಲ್ಲೇ ಏಣಿ ಹಾಕಿಕೊಂಡು ನಿಂತಾಗಲೂ ತಪ್ಪಿಲ್ಲ. (ಅವತ್ತು ಏಣಿಯ ಕೆಳಗೇ ಕುಳಿತೆ. ಪೂಜೆ ಮುಗಿದಾಗ ನನ್ನ ಮೈಮೇಲೆ ವಿಭೂತಿ ಎಷ್ಟು, ಸುಣ್ಣ ಎಷ್ಟು ಎಂದು ಹೇಳುವುದು ಕಷ್ಟವಿತ್ತು.) ಪೂಜೆಯಲ್ಲಿ ನನ್ನದೊಂದು ನೇಮವಿದೆ: ಏನನ್ನೂ ಬೇಡುವುದಿಲ್ಲ. ಶಿವನ ಮುಂದೆ ಬೇಡುವವರ ಸಾಲು ಹೇಗೂ ಉದ್ದವಿರುತ್ತದೆ. ಒಬ್ಬಳಾದರೂ ಸುಮ್ಮನೆ ಬಂದು ಕುಳಿತು ಎದ್ದು ಹೋದರೆ ಅವನಿಗೂ ಹಾಯೆನಿಸಲಿ ಎಂದು.

ಇಂಥ ನೇಮ ಮುರಿದದ್ದು ಒಂದು ಕಾರಿನಿಂದ. ಅದೂ ನಮ್ಮದಲ್ಲದ ಕಾರಿನಿಂದ.

ನಮ್ಮ ಹಳೆಯ ಕಾರು ನೆಲಕ್ಕೆ ಹೊಟ್ಟೆ ಹಚ್ಚಿ ಓಡುವಂಥದ್ದು. ನನ್ನ ಮೊಣಕಾಲುಗಳೋ, ಬಗ್ಗಿದರೆ ಏಳಲು ಒಪ್ಪುವುದಿಲ್ಲ, ಎದ್ದರೆ ಬಗ್ಗಲು ಒಪ್ಪುವುದಿಲ್ಲ. ಸೋಮವಾರಕ್ಕೊಮ್ಮೆ ಬೈಲಹೊಂಗಲದಿಂದ ಸೊಗಲದ ಸೋಮೇಶ್ವರನ ದರ್ಶನಕ್ಕೆ ಹೋಗುವುದು ನನ್ನ ಜೀವನದ ಒಂದೇ ಒಂದು ಚೈನಿ. ಅಲ್ಲಿ ನಮ್ಮ ಕಾರು ನಿಂತಿತೆಂದರೆ ಹೂ ಮಾರುವ ಹೆಣ್ಣುಮಕ್ಕಳು ವ್ಯಾಪಾರ ಬಿಟ್ಟು ಈ ಕಡೆ ತಿರುಗುತ್ತಾರೆ. ನಮ್ಮ ಮನೆಯವರು ಬಾಗಿಲು ತೆಗೆದು, ತಮ್ಮ ಒಂದು ಕಾಲನ್ನು ಕಾರಿಗೆ ಒತ್ತಿ ನಿಂತು, ನನ್ನ ಎರಡೂ ಕೈ ಹಿಡಿದು, ಬಾವಿಯಿಂದ ಕೊಡ ಸೇದಿದಂತೆ ನನ್ನನ್ನು ಸೇದುತ್ತಾರೆ.

"ಇನ್ನೊಂದ ಚೂರ ಜಗ್ಗರಿ ಸಾವಕಾರ್ರ, ಬಂತು ಬಂತು!" ಎಂದು ಹುರಿದುಂಬಿಸುವವರೂ ಇದ್ದಾರೆ. ದೇವರು ನನ್ನನ್ನು ನೋಡುವ ಮೊದಲೇ ಊರೆಲ್ಲ ನೋಡಿ ಮುಗಿಸಿರುತ್ತದೆ.

ಹೀಗಾಗಿ, ಅದೇ ಕಂಪನಿಯ ಕಾರು ಈಗ ಹೊಸ ರೂಪದಲ್ಲಿ ಬಂದಿದೆ, ಸೀಟುಗಳನ್ನು ಎತ್ತರಿಸಿದ್ದಾರೆ ಎಂದು ಪೇಪರಿನಲ್ಲಿ ಓದಿದಾಗ ಮೊದಲು ಹಿಗ್ಗಿದ್ದು ನನ್ನ ಮೊಣಕಾಲುಗಳು. ಶಾಲೆಯನ್ನು ನಾಲ್ಕನೆಯ ಇಯತ್ತೆಗೇ ಬಿಟ್ಟವಳು ನಾನು. ಆಮೇಲೆ ಅಂಗಡಿಯಿಂದ ಬಂದ ರದ್ದಿ ಕಾಗದವನ್ನೂ ಬಿಡದೆ ಓದಿ ಬೆಳೆದವಳು. ಜಾಹೀರಾತನ್ನು ತುದಿಯಲ್ಲಿನ ಇರುವೆಯಂಥ ಅಕ್ಷರಗಳ ಸಮೇತ ಓದಿ, ನಮ್ಮ ಮನೆಯವರನ್ನು ಬೆಳಗಾವಿಯ ಶೋರೂಮಿಗೆ ಹೊರಡಿಸಿದೆ.

ಅಲ್ಲಿ ಗೌತಮ ಎಂಬ ಟೈ ಕಟ್ಟಿದ ಹುಡುಗ ನಮ್ಮನ್ನು ಎದುರುಗೊಂಡ.

"ಅಮ್ಮಾರ, ಇದು ಪೂರಾ ಹೊಸಾ ಡಿಸೈನ್ ರಿ."

"ಪೂರಾ ಅಂದ್ರ ಎಲ್ಲಿತನಕಾಪಾ? ಮಾರಿ ಅಷ್ಟ ಹೊಸಾದೋ, ಹೊಟ್ಟಿ ಒಳಗಿಂದೂ ಹೊಸಾದೋ?"

ಅವನು ತಡವರಿಸಿದ. ಇಂಥ ಪ್ರಶ್ನೆ ಅವನ ತರಬೇತಿಯಲ್ಲಿ ಬಂದಿರಲಿಲ್ಲ. "ಗೇರ್ ಬಾಕ್ಸ್ ಹೊಸಾದ್ರಿ. ಸ್ಕ್ರೀನ್ ಹೊಸಾದ್ರಿ. ಎಂಜಿನ್ ಮೊದಲಿಂದ ರಿ... ಅಂದ್ರ ಅದಕ್ಕೂ ಸುಧಾರಣಾ ಮಾಡ್ಯಾರ್ರಿ."

ನಾನು ಬಾಗಿಲು ತೆಗೆದು ಕುಳಿತೆ. ಕುರ್ಚಿಯಲ್ಲಿ ಕುಳಿತಂತೆ ಕುಳಿತೆ! ಎದ್ದೆ. ಯಾರೂ ಸೇದಲಿಲ್ಲ, ನಾನೇ ಎದ್ದೆ. ಮತ್ತೆ ಕುಳಿತೆ, ಮತ್ತೆ ಎದ್ದೆ.

"ಟೆಸ್ಟ್ ಡ್ರೈವ್ ಮಾಡ್ತೀರೇನ್ರಿ ಅಮ್ಮಾರ?" ಎಂದ ಗೌತಮ.

"ಮಾಡಾಕತ್ತೇನಲಪಾ," ಎಂದೆ.

ಆದರೆ ನಮ್ಮ ಮನೆಯವರ ಕಣ್ಣು ಹಿತ್ತಲಿನಲ್ಲಿ ನಿಂತಿದ್ದ ಇನ್ನೊಂದರ ಮೇಲೆ ಬಿದ್ದಿತ್ತು. ಹಳೆಯ ರೂಪದ ಕೊನೆಯ ಕಾರು. ಹಣ್ಣಾದ ಸವತೆಕಾಯಿಯ ಬಣ್ಣ. ಆ ಬಣ್ಣದಿಂದಾಗಿಯೇ ಯಾರೂ ಒಯ್ದಿರಲಿಲ್ಲ. ಸೀಟು ಮಾತ್ರ ಅದೇ ನಮ್ಮ ಬಾವಿ.

"ಹೊಸಾದು ಮೊದಲನೇ ವರ್ಷದ್ದೈತಿ," ಎಂದರು ದಾರಿಯಲ್ಲಿ.

ಈ ಮಾತು ಬರುತ್ತದೆಂದು ನನಗೆ ಗೊತ್ತಿತ್ತು. ನಮ್ಮ ಮನೆಯವರು, ಅಂದರೆ ನಿಜಗುಣಪ್ಪನವರು, ಮಾರ್ಕೆಟ್ ಯಾರ್ಡಿನ ಹತ್ತಿರ ಬೀಜದ ಅಂಗಡಿ ಇಟ್ಟವರು. ಹೊಸ ತಳಿ ಬಂದರೆ ಬೀಜದ ಅಂಗಡಿಯವರು ಅದನ್ನು ಹೊಗಳಿ ಮಾರಬೇಕಷ್ಟೆ? ಇವರು ರೈತರಿಗೆ ಹೇಳುವುದೇ ಬೇರೆ: "ಮೊದಲನೇ ವರ್ಷ ನೀ ಬಿತ್ತಬ್ಯಾಡ. ಬಾಜೂದವನ ಹೊಲದಾಗ ಹೆಂಗ ಬರತೈತಿ ನೋಡು, ಮುಂದಿನ ವರ್ಷ ಬಾ." ಈ ಪ್ರಾಮಾಣಿಕತೆಗೆ ಮೆಚ್ಚಿ ರೈತರು ಅವರನ್ನು ದೇವರಂತೆ ಕಾಣುತ್ತಾರೆ. (ಎಲ್ಲರೂ ಬಾಜೂದವನ ಹೊಲವನ್ನೇ ನೋಡುತ್ತ ಕುಳಿತರೆ ಬಿತ್ತುವವನು ಯಾರು ಎಂದು ನಾನು ಒಮ್ಮೆ ಕೇಳಿದ್ದೆ. ಉತ್ತರ ಇನ್ನೂ ಬಂದಿಲ್ಲ.)

"ಕಾರೂ ಬೀಜ ಇದ್ದಂಗ," ಎಂದರು. "ಕಂಪನಿಯವರು ತಮ್ಮ ತೋಟದಾಗ ಬೆಳದ ತೋರಸ್ತಾರ, ಛಲೋನ ಕಾಣತೈತಿ. ನಮ್ಮ ಮಣ್ಣಾಗ ಬರತೈತಿಲ್ಲೋ ಅನ್ನೂದು ಪ್ರಶ್ನೆ. ಒಂದು ಡೆಮೋ ಪ್ಲಾಟ್ ಬೇಕು."

"ಅಂದ್ರ?"

"ಯಾರರೆ ಮೊದಲ ತಗೋಬೇಕು. ನಾವು ನೋಡಬೇಕು."

ಆ 'ಯಾರರೆ' ನಮ್ಮ ಎದುರು ಮನೆಯಲ್ಲೇ ಇದ್ದರು. ವಿರೂಪಾಕ್ಷ ಮಾಸ್ತರರು, ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ಅವರ ಹೆಂಡತಿ ವಿಜಯಾ ನನ್ನನ್ನು ಅಕ್ಕಾ ಎನ್ನುತ್ತಾಳೆ. ದಿನವೂ ಮಧ್ಯಾಹ್ನ ನಮ್ಮ ಕಟ್ಟೆಗೆ ಬಂದು ತನ್ನ ಮನೆಯ ಸುದ್ದಿಯೆಲ್ಲ ಹೇಳುತ್ತಾಳೆ. ನಾನು ಅವರೆಕಾಯಿ ಸುಲಿಯುತ್ತ ಕೇಳುತ್ತೇನೆ. ಆ ಮನೆಯಲ್ಲೂ ಕಾರಿನ ಮಾತು ನಡೆದಿರುವುದು ನನಗೆ ಗೊತ್ತಿತ್ತು. ಅದನ್ನು ನಮ್ಮ ಮನೆಯವರಿಗೆ ಹೇಳಿದ್ದೇ ತಪ್ಪಾಯಿತು. ಅಂದು ಸಂಜೆಯೇ ಅವರು ಎರಡು ಕುರ್ಚಿ ಹೊರಗೆ ಹಾಕಿ, ಮಾಸ್ತರರನ್ನು ಕೂಗಿ ಕರೆದರು. ತಮ್ಮ ಜೀವಮಾನದಲ್ಲಿ ಒಂದು ಹೊಸ ತಳಿಯನ್ನೂ ಹೊಗಳದವರು ಆ ಕಾರನ್ನು ಹೊಗಳಿದ ಬಗೆ ಕೇಳಿ ನಾನು ಒಳಗೆ ಒಗ್ಗರಣೆ ಸೀಯಿಸಿದೆ.

"ಏನ ಗಾಡಿ ಅಂತೀರಿ ಮಾಸ್ತರ! ನಿಮ್ಮಂಥ ವಿಚಾರವಂತರ ತಗೊಳ್ಳೂವಂಥಾದ್ದು."

"ಮತ್ತ ನೀವ ಯಾಕ ತಗೊಂಡಿಲ್ರಿ ಅಣ್ಣಾರ?"

"ನಮ್ಮಾಕಿ ಇನ್ನಾ ವಿಚಾರ ಮಾಡಾಕತ್ತಾಳ್ರಿ," ಎಂದರು. ನಾನು! ಸೀಟಿನ ಮೇಲೆ ಕುಳಿತು ಎದ್ದು ಕುಳಿತು ಎದ್ದು, ಶೋರೂಮಿನವರೇ ಸಾಕೆನ್ನುವವರೆಗೆ ವಿಚಾರ ಮಾಡಿ ಮುಗಿಸಿದ್ದ ನಾನು!

ಮರುದಿನ ಪೂಜೆಗೆ ಕುಳಿತಾಗ ನನ್ನ ಬಾಯಿ ನನ್ನನ್ನು ಕೇಳದೆ ತಾನೇ ಬೇಡಿತು: "ಶಿವನೇ, ಆ ಕಾರಿನೊಳಗೆ ಯಾವ ಐಬೂ ಇರದಿರಲಿ. ಇದ್ದರೆ... ಎದುರು ಮನೆಯಲ್ಲೇ ಹೊರಬೀಳಲಿ." ಮೊದಲ ಸಲ ಬೇಡಿದ್ದು, ಅದೂ ಇಂಥಾದ್ದು.

ಯುಗಾದಿಗೆ ಮಾಸ್ತರರ ಮನೆಗೆ ಕಾರು ಬಂತು. ಬೆಳ್ಳಗೆ, ಎತ್ತರಕ್ಕೆ, ಮದುಮಗಳಂತೆ. ವಿಜಯಾ ಓಡಿ ಬಂದಳು.

"ಅಕ್ಕಾರ, ಮನಿಗೆ ಹೆಣ್ಣ ಬಂದಂಗ ಬಂದೈತ್ರಿ. ಆರತಿ ನಿಮ್ಮ ಕೈಲೆ ಆಗಬೇಕು."

ಪಾಪಪ್ರಜ್ಞೆಯಿಂದ ಕುದಿಯುತ್ತಿದ್ದ ನನಗೆ ಆರತಿಯೊಂದೇ ಸಾಲದೆನಿಸಿತು. ಹೆಣ್ಣೇ ಆದರೆ ಉಡಿ ತುಂಬಬೇಕಲ್ಲವೆ? ಮುತ್ತೈದೆಗೆ ತುಂಬುವ ಹಾಗೆಯೇ ಬಾಳೆಹೂ ಬಣ್ಣದ ಗುಳೇದಗುಡ್ಡದ ಖಣ ತಂದೆ. ಅದರಲ್ಲಿ ಅಕ್ಕಿ, ಅಚ್ಚು ಬೆಲ್ಲ, ಅಡಿಕೆ, ಅರಿಷಿಣ ಕೊಂಬು, ತೆಂಗಿನಕಾಯಿ ಎಲ್ಲ ಇಟ್ಟು ಗಂಟು ಕಟ್ಟಿದೆ. ಉಡಿಗೆ ಯಾರ ಕಾಲೂ ತಾಗಬಾರದೆಂದು ಜಾಗ ಹುಡುಕಿ ಹಿಂದೆ ಡಿಕ್ಕಿಯ ತಳದಲ್ಲಿ ಇಟ್ಟು, ಕಾರಿನ ಬೆನ್ನು ಸವರಿ, "ನಿನಗ ಏನೂ ಆಗದಿರಲಿ, ನಮ್ಮವ್ವಾ," ಎಂದೆ. ಗಾಲಿಯ ಕೆಳಗಿನ ನಿಂಬೆಹಣ್ಣು ಪಚಕ್ಕೆಂದಿತು. ನನ್ನ ಮನಸ್ಸು ಹಗುರಾಯಿತು.

ಅಂದಿನಿಂದ ನಮ್ಮ ಮನೆಯಲ್ಲಿ ವೀಕ್ಷಣಾಲಯ ಶುರುವಾಯಿತು. ಬೆಳಿಗ್ಗೆ ನಾನು ರಂಗೋಲಿ ಹಾಕುವ ಹೊತ್ತಿಗೆ ಮಾಸ್ತರರು ಕಾರು ಶುರು ಮಾಡುತ್ತಿದ್ದರು. ಒಳಗಿನಿಂದ ಪಿಸುಮಾತು ಬರುತ್ತಿತ್ತು:

"ಏನ ಸಪ್ಪಳ ಬಂತು?"

"ಕಾರಿಂದ ಏನೂ ಇಲ್ಲ. ನಿಮ್ಮದ ಬರಾಕತ್ತೈತಿ."

ಬೇಸಿಗೆ ಕಳೆಯಿತು. ಕಾರು ಉಗರಗೋಳಕ್ಕೆ ಹೋಗಿ ಎಲ್ಲಮ್ಮನ ಗುಡ್ಡ ಹತ್ತಿ ಬಂತು, ಧಾರವಾಡಕ್ಕೆ ಹೋಗಿ ಬಂತು. ಐಬಿಲ್ಲ. ನನ್ನ ಮೊಣಕಾಲುಗಳಲ್ಲಿ ಆಸೆ ಚಿಗುರಿತು. ಅಷ್ಟರಲ್ಲಿ ಒಂದು ಮಧ್ಯಾಹ್ನ ವಿಜಯಾ ಕಟ್ಟೆಯ ಮೇಲೆ ಕುಳಿತು, "ಅಕ್ಕಾರ, ಕಾರಿನಾಗ ಇರುವಿ ಆಗ್ಯಾವ್ರಿ. ಹೊಸಾ ಕಾರಿನಾಗ ಇರುವಿ ಎಲ್ಲಿಂದ ಬಂದೂ ಅಂತೇನಿ!" ಎಂದಳು.

ನಮ್ಮ ಮನೆಯವರಿಗೆ ಇದು ಕೀಟಬಾಧೆಯ ಮೊದಲ ಲಕ್ಷಣವಾಗಿ ಕಂಡಿತು. "ನೋಡು. ಮೊದಲನೇ ವರ್ಷದ್ದು. ಸೀಟಿನಾಗ ಏನ ತುಂಬ್ಯಾರೋ!"

ಶ್ರಾವಣದ ಹೊತ್ತಿಗೆ ಸಪ್ಪಳ ಬಂತು. ನಾನೇ ಮೊದಲು ಕೇಳಿದೆ, ಸುಳ್ಳು ಹೇಳಲಿಕ್ಕೆ ಬರುವುದಿಲ್ಲವಾದ್ದರಿಂದ ನಾನೇ ಹೇಳಿದೆ: "ಎಡಕ್ಕ ಹೊಳ್ಳಿದ್ರ ಲೊಟಕ್ ಅಂತೈತಿ. ಬಲಕ್ಕ ಹೊಳ್ಳಿದ್ರೂ ಲೊಟಕ್ ಅಂತೈತಿ. ಬ್ರೇಕ್ ಹಾಕಿದ್ರ ಗಡಗಡ ಅಂದು ಆಮ್ಯಾಲೆ ಲೊಟಕ್."

ನಮ್ಮ ಮನೆಯವರ ಮುಖ ಮಳೆ ಬಿದ್ದ ಹೊಲದಂತಾಯಿತು. "ಗೇರ್ ಬಾಕ್ಸ್! ಹೊಸಾ ಗೇರ್ ಬಾಕ್ಸ್ ಅಂದಿದ್ದಿಲ್ಲೇನ ಆ ಹುಡುಗ?"

ಮಾಸ್ತರರು ಶೋರೂಮಿಗೆ ಒಯ್ದರು. ಅಲ್ಲಿ ಕಂಪ್ಯೂಟರ್ ಹಚ್ಚಿ ನೋಡಿ ಏನೂ ಇಲ್ಲವೆಂದರು. ಮತ್ತೆ ಒಯ್ದರು. ಗಾಲಿ ಬಿಚ್ಚಿ ಜೋಡಿಸಿ, ನೀರು ಹೊಡೆದು ತೊಳೆದು ಕೊಟ್ಟರು. ತೊಳೆದ ಕಾರು ಹೊಳೆಯುತ್ತ ಬಂದು, ನಮ್ಮ ಬಾಗಿಲ ಮುಂದೆ ಹೊರಳುವಾಗ ಲೊಟಕ್ ಎಂದಿತು. ಮೂರನೆಯ ಸಲ ಒಬ್ಬ ಎಂಜಿನಿಯರ್ ಬಂದು, "ಇದು ಮಾಡೆಲ್ಲಿನ ಸ್ವಭಾವ ಇರಬಹುದು," ಎಂದನಂತೆ. ಆ ಮಾತು ಬೀಜದ ಅಂಗಡಿಯಿಂದ ಹಳ್ಳಿಹಳ್ಳಿಗೆ ಹೋಯಿತು. ಸೋಯಾ ಬೀಜಕ್ಕೆ ಬಂದವರಿಗೆಲ್ಲ ನಮ್ಮ ಮನೆಯವರು ಬೀಜದ ಜೊತೆಗೆ ಲೊಟಕ್ ಕೂಡ ಕಟ್ಟಿ ಕೊಡುತ್ತಿದ್ದರು.

ವಿಜಯಾಳ ಮುಖ ಬಾಡಿತ್ತು. "ಅವರು ರಾತ್ರಿ ಊಟಾನೂ ಸರಿಯಾಗಿ ಮಾಡಂಗಿಲ್ರಿ ಅಕ್ಕಾರ. ಲೊಟಕ್ ಅನ್ನೂದು ಎಷ್ಟ ಸೆಕೆಂಡಿಗೊಮ್ಮೆ ಬರತೈತಿ ಅಂತ ಗಣಿತಾ ಮಾಡತಾರ." ನಾನು ಕೇಳಿ ತಲೆ ತಗ್ಗಿಸಿದೆ. ನನ್ನ ಒಂದೇ ಒಂದು ಬೇಡಿಕೆಯನ್ನು ಶಿವ ಇಷ್ಟು ಚೊಕ್ಕವಾಗಿ ಈಡೇರಿಸುತ್ತಾನೆಂದು ಯಾರಿಗೆ ಗೊತ್ತಿತ್ತು?

ದಸರೆಯ ಹೊತ್ತಿಗೆ ತೀರ್ಮಾನ ಮಾಡಲೇಬೇಕಾಯಿತು. ನಮ್ಮ ಹಳೆಯ ಕಾರು ಸೊಗಲದ ಇಳಿಜಾರಿನಲ್ಲಿ ಕೊನೆಯ ಉಸಿರೆಳೆದಿತ್ತು, ಸವತೆಕಾಯಿ ಬಣ್ಣದ್ದು ಇನ್ನೂ ಶೋರೂಮಿನ ಹಿತ್ತಲಿನಲ್ಲೇ ಇತ್ತು.

"ಆ ಹೊಸಾದ ತಗೊಳ್ರಿ," ಎಂದೆ. "ಸಪ್ಪಳ ಬಂದ್ರ ಬರಲಿ. ನಿಮ್ಮ ಗೊರಕಿ ಸಪ್ಪಳದಾಗ ಇಷ್ಟ ವರ್ಷ ಮಲಗಿಲ್ಲೇನ? ನನ್ನ ಮೊಣಕಾಲಂದು ಸ್ವಲ್ಪ ವಿಚಾರ ಮಾಡ್ರಿ."

"ಮೊಣಕಾಲಿಗೆ ಎಣ್ಣಿ ಹಚ್ಚಬಹುದು. ಗೇರ್ ಬಾಕ್ಸಿಗೆ ಏನ ಹಚ್ಚತಿ?"

"ನಿಮಗ ಕಂಡೈತೇನ್ರಿ ಅದು ಗೇರ್ ಬಾಕ್ಸ ಅಂತ?"

"ಕಿವಿಲೆ ಕೇಳೇನಿ! ನೀನೂ ಕೇಳೀದಿ! ಮೊದಲ ಹೇಳಿದಾಕಿ ನೀನ ಅಲ್ಲೇನ?"

ಸಾಕ್ಷಿ ನಾನೇ ಹೇಳಿದ್ದೆ.

ಆಯುಧಪೂಜೆಯ ದಿನ ಸವತೆಕಾಯಿ ಬಣ್ಣದ ಕಾರು ನಮ್ಮ ಬಾಗಿಲಿಗೆ ಬಂತು. ಓಣಿಯವರೆಲ್ಲ ನೆರೆದರು. ಯಾರೂ ಬಣ್ಣದ ಮಾತೆತ್ತಲಿಲ್ಲ. ಅಷ್ಟು ಒಳ್ಳೆಯ ಜನ. ನಮ್ಮ ಮನೆಯವರು ಒಂದು ಸುತ್ತು ಓಡಿಸಿ ತಂದು, "ಏನರೆ ಸಪ್ಪಳ ಬಂತೇನ? ಇಲ್ಲ! ಪಳಗಿದ ತಳಿ!" ಎಂದು ಸಾರಿದರು. ಸುತ್ತು ಹೊಡೆಯುವಾಗ ನಾನು ಒಳಗೇ ಕುಳಿತಿದ್ದೆ. ಅಂದರೆ ಈಗಲೂ ಒಳಗೇ ಕುಳಿತಿದ್ದೆ. ಸೇದಬೇಕಾದವರು ಭಾಷಣದಲ್ಲಿದ್ದರು.

ಆಗ ಎದುರು ಮನೆಯಿಂದ ಮಾಸ್ತರರೂ ವಿಜಯಾಳೂ ಬಂದರು. ಇಬ್ಬರ ಮುಖವೂ ಅರಳಿತ್ತು. ಮಾಸ್ತರರ ಕೈಯಲ್ಲಿ ಏನೋ ಗಂಟು.

"ಅಣ್ಣಾರ, ನಿನ್ನೆ ಸುರೇಬಾನಕ್ಕ ತೊಟ್ಟಲಾ ಕಾರ್ಯಕ್ಕ ಹೋಗಿದ್ವಿ. ದಾರಿಯೊಳಗ ಪಂಕ್ಚರ್ ಆತು. ಸ್ಟೆಪ್ನಿ ತಗಿಯೋಣಂತ ಹಿಂದಿನ ಜಮಖಾನಿ ಎತ್ತಿದೆ. ಒಳಗ ಟೈರಿನ ನಡಕ ಇದು ಕುಂತಿತ್ರಿ."

ಬಾಳೆಹೂ ಬಣ್ಣದ ಖಣ. ಬೆಲ್ಲವನ್ನು ಇರುವೆಗಳು ತಿಂದು ಮುಗಿಸಿದ್ದವು, ಗಂಟು ಸಡಿಲಾಗಿ ಅಕ್ಕಿ ಸೋರಿತ್ತು. ಉಳಿದದ್ದು ತೆಂಗಿನಕಾಯಿ. ಬೇಸಿಗೆಯ ಬಿಸಿಗೆ ಒಳಗೇ ಒಣಗಿ, ಚಿಪ್ಪಿನಿಂದ ಬಿಟ್ಟು ಗಿಟಕಾಗಿತ್ತು. ನಮ್ಮ ಮನೆಯವರು ಅದನ್ನು ಇಸಿದುಕೊಂಡು, ಕಿವಿಯ ಹತ್ತಿರ ಹಿಡಿದು, ಎಡಕ್ಕೆ ಹೊರಳಿಸಿದರು.

ಲೊಟಕ್.

ಬಲಕ್ಕೆ ಹೊರಳಿಸಿದರು.

ಲೊಟಕ್.

ನಮ್ಮ ಮನೆಯವರು ನಿಧಾನವಾಗಿ ಬಗ್ಗಿ, ಕಾರಿನ ಬಾವಿಯಲ್ಲಿದ್ದ ನನ್ನನ್ನು ನೋಡಿದರು. ಆಮೇಲೆ ಕಡೆಯ ಆಸೆಯಿಂದ ಮಾಸ್ತರರನ್ನು ಕೇಳಿದರು: "ಇದು... ಕಂಪನಿಯವರ ಇಟ್ಟಿದ್ದು, ಹೌದಿಲ್ರಿ?"

"ಅಲ್ರಿ ಅಣ್ಣಾರ," ಎಂದರು ಮಾಸ್ತರರು. "ಇದು ಲೋಕಲ್ ತಳಿ."

ಆ ನಗೆ ನಮ್ಮ ಓಣಿಯಿಂದ ಮಾರ್ಕೆಟ್ ಯಾರ್ಡಿನವರೆಗೆ ಹೋಗಿರಬೇಕು. ನಾನು ಇಳಿದು ಓಡಿ ಹೋಗುತ್ತಿದ್ದೆ, ಸೀಟು ಬಿಡಬೇಕಲ್ಲ! ಅಷ್ಟರಲ್ಲಿ ವಿಜಯಾ ನಗುತ್ತ ಕಿಟಕಿಯ ಹತ್ತಿರ ಬಂದಳು. ಅವಳ ತಟ್ಟೆಯಲ್ಲಿ ಹೊಸ ಖಣ, ಅಕ್ಕಿ, ಅಚ್ಚು ಬೆಲ್ಲ, ಜುಟ್ಟು ಬಿಟ್ಟ ಹಸಿ ತೆಂಗಿನಕಾಯಿ.

"ಅಕ್ಕಾರ, ನೀವು ಅಷ್ಟ ಪ್ರೀತಿಲೆ ನಮ್ಮ ಕಾರಿಗೆ ಉಡಿ ತುಂಬಿದ್ರಿ. ಇವತ್ತ ನಿಮ್ಮ ಕಾರಿಗೆ ನಾ ತುಂಬತೇನ್ರಿ. ಹಿಂದಿನ ಬಾಗಲಾ ತಗೀರಿ."

ಹುಟ್ಟಿದಾಗಿನಿಂದ ಉಡಿ ತುಂಬಲು ಬಂದವರಿಗೆ ಒಲ್ಲೆ ಎಂದವಳಲ್ಲ ನಾನು. ಎಲ್ಲಿದ್ದರೂ ಎದ್ದು ಸೆರಗೊಡ್ಡಿದವಳು. ಅವತ್ತು ಕಿಟಕಿಯಿಂದ ಎರಡೂ ಕೈ ಹೊರಗೆ ಹಾಕಿ ತಟ್ಟೆಯನ್ನು ತಡೆದೆ.

"ಬ್ಯಾಡವ್ವಾ ವಿಜಯಾ, ನಿನ್ನ ಕೈ ಮುಗಿತೇನಿ. ಸಪ್ಪಳ ಇಲ್ಲಂತ ಇದನ್ನ ತಂದಾರ. ಇದರಾಗ ಇರೂದು ಅದೊಂದ ಛಲೋದು. ಹಂಗ ಇರಲಿ ಬಿಡು."