ಬೇವಿನ ಗಿಡದಿಂದ ಎಡಕ್ಕೆ

ಕಲ್ಲವ್ವ: ಯಾವ ಬೇವಿನ ಗಿಡರೀ? ಎಲ್ಲೈತಿ ಬೇವಿನ ಗಿಡ? ಅದನ್ನ ಕಡದು, ಆ ಜಾಗಾದಾಗ ಟ್ರಾನ್ಸ್‌ಫಾರ್ಮರ್ ನಿಲ್ಲಿಸಿ, ಈಗ ಆ ಟ್ರಾನ್ಸ್‌ಫಾರ್ಮರಿಗೂ ಮುಪ್ಪ ಬಂತು!

ಈರಬಸಪ್ಪ ಮೊಬೈಲಿನ ಮೇಲೆ ಅಂಗೈ ಮುಚ್ಚಿ ಹೆಂಡತಿಯತ್ತ ಒಂದು ನೋಟ ಬೀರಿದ. ಸಾರಿಗೆ ಬಸ್ಸಿನಲ್ಲಿ ಕಂಡಕ್ಟರಿಕೆ ಮಾಡಿ ನಿವೃತ್ತನಾದ ಮನುಷ್ಯ. ಸೀಟಿ ಊದದೆಯೇ ಬಸ್ಸು ನಿಲ್ಲಿಸಬಲ್ಲ ನೋಟ ಅದು. ಹೆಂಡತಿಯ ಮೇಲೆ ಮಾತ್ರ ಅದು ಎಂದೂ ಕೆಲಸ ಮಾಡಿರಲಿಲ್ಲ.

ಈರಬಸಪ್ಪ: (ಫೋನಿಗೆ) ಏನಿಲ್ಲ ತಮ್ಮಾ, ಮನ್ಯಾಗ ಕುಕ್ಕರ್ ಸೀಟಿ ಹೊಡೀತು. ನೀ ಕೇಳು. ಬಸ್ ಸ್ಟ್ಯಾಂಡ್ ಬಿಟ್ಟು ಸೀದಾ ಬಾ. ಹಿಟ್ಟಿನ ಗಿರಣಿ ಸಪ್ಪಳಾ ಕೇಳಿದ ಕೂಡ್ಲೆ ಬಲಕ್ಕ ಹೊಳ್ಳು. ಮುಂದ ಗರಡಿಮನಿ. ಅದನ್ನ ದಾಟಿದ್ರ ಬೇವಿನ ಗಿಡ. ಗಿಡದಿಂದ ಎಡಕ್ಕ ಹೊಳ್ಳಿ ಮೂರು ಪಾವಟಿಗಿ ಏರಿದ್ರ ನಮ್ಮ ಬಾಗಲಾ.

ಫೋನಿನೊಳಗಿನ ದನಿ: ಕಾಕಾ, ಅಷ್ಟೆಲ್ಲಾ ಯಾಕ್ರಿ? ಲೊಕೇಶನ್ ಕಳಸರಿ.

ಈರಬಸಪ್ಪ: ನಮ್ಮ ಮನಿ ಇದ್ದಲ್ಲೇ ಐತಿ ತಮ್ಮಾ. ಅದನ್ನ ಕಳಸೂದು ಹೆಂಗ?

ಫೋನು ಕಟ್ಟಾಯಿತು. ಈರಬಸಪ್ಪ ಅದನ್ನು ಅಂಗಿಯ ಕಿಸೆಗೆ ಇಳಿಬಿಟ್ಟು, ಪರವೂರಿನವನಿಗೆ ದಾರಿ ತೋರಿದ ಪುಣ್ಯವಂತನ ಮುಖ ಮಾಡಿಕೊಂಡು ಪಡಸಾಲೆಯ ಕಟ್ಟೆಯ ಮೇಲೆ ಕುಳಿತ. ಕಲ್ಲವ್ವ ಎದುರಿಗೆ ಬಂದು ನಿಂತಳು.

ಕಲ್ಲವ್ವ: ಗಿರಣಿ ಮುಚ್ಚಿ ಮೊಬೈಲ್ ಅಂಗಡಿ ಆಗೇತಿ. ಗರಡಿಮನಿ ಕೆಡವಿ ಬ್ಯೂಟಿ ಪಾರ್ಲರ್ ಮಾಡ್ಯಾರ.

ಈರಬಸಪ್ಪ: ಏನ ಬದಲಾತು ಅದರಾಗ? ಆವಾಗೂ ಒಳಗ ಹೋಗಿ ಮೈಗೆ ಮಣ್ಣ ಹಚ್ಚಿಕೊಂಡು ಬರತಿದ್ರು, ಈಗೂ ಹಚ್ಚಿಕೊಂಡು ಬರತಾರ.

ಕಲ್ಲವ್ವ: ಮೂರು ಪಾವಟಿಗಿ ಏರಬೇಕಂತ! ಏರಾಕ ಎಲ್ಲಿ ಅದಾವ್ರೀ? ಈಗ ಇಳೀಬೇಕು.

ಇದು ಮಾತ್ರ ಅಲ್ಲಗಳೆಯಲಾಗದ ಸತ್ಯವಾಗಿತ್ತು. ಅಣ್ಣಿಗೇರಿಯ ಗಿರಣಿ ಓಣಿಗೆ ಚುನಾವಣೆ ಬಂದಾಗಲೆಲ್ಲ ಅಭಿವೃದ್ಧಿಯೂ ಬರುತ್ತಿತ್ತು, ಮತ್ತು ಅಭಿವೃದ್ಧಿಯೆಂದರೆ ಹಳೆಯ ರಸ್ತೆಯ ಮೇಲೆ ಇನ್ನೊಂದು ಪದರ ಕಾಂಕ್ರೀಟು. ರಸ್ತೆ ಬೆಳೆಯಿತು, ಮನೆ ಬೆಳೆಯಲಿಲ್ಲ. ಮೂರು ಮೆಟ್ಟಿಲುಗಳನ್ನೂ ನುಂಗಿದ ರಸ್ತೆ ಈಗ ಹೊಸ್ತಿಲಿಗಿಂತ ಎತ್ತರದಲ್ಲಿ ನಿಂತು, ದಾರಿಹೋಕರ ಕಾಲುಗಳನ್ನು ಮಾತ್ರ ಕಿಟಕಿಯಲ್ಲಿ ತೋರಿಸುತ್ತಿತ್ತು. ಓಣಿಯ ಜನರನ್ನು ಚಪ್ಪಲಿಯಿಂದ ಗುರುತು ಹಿಡಿಯುವ ವಿದ್ಯೆ ಈರಬಸಪ್ಪನಿಗೆ ಒಲಿದದ್ದು ಹೀಗೆ.

ಕಲ್ಲವ್ವ: ಹ್ವಾದ ಮಳಿಗಾಲದಾಗ ಗಟಾರದ ನೀರು ಅಡಗಿಮನಿ ತನಕ ಬಂತು. ಒಲಿ ಮುಂದ ಚಪ್ಪಲಿ ತೇಲಾಕತ್ತಿದ್ವು. ಅವಾದ್ರೂ ನಮ್ಮವೇನು? ಅಲ್ಲ!

ಈರಬಸಪ್ಪ: ಓಣಿ ತುದಿಮನಿ ಮಶಾಕಸಾಬನವು. ನೋಡಿದ ಕೂಡ್ಲೆ ಗೊತ್ತಾತು. ಕೊಟ್ಟ ಬರಾಕ ಹ್ವಾದ್ರ ಚಾ ಕುಡಿಸಿದ. ಅದಕ್ಕ ಓಣಿ ಅನ್ನೂದು. ನಿನ್ನ ಲೇಔಟಿನ್ಯಾಗ ಯಾರ ಚಪ್ಪಲಿ ಬರತಾವ?

ಕಲ್ಲವ್ವ: ಯಾರವೂ ಬರೂದುಲ್ಲ, ಅದಕ್ಕ ಅಲ್ಲಿಗೆ ಹೋಗೂಣು ಅನ್ನೂದು. ಲೇಕ್ ವ್ಯೂ ಲೇಔಟು. ಒಣಾ ನೆಲಾ, ಅಗಲ ರಸ್ತೆ, ಮುಚ್ಚಿದ ಗಟಾರ.

ಈರಬಸಪ್ಪ: ಲೇಕ್ ವ್ಯೂ ಅಂದ್ರ ಕೆರಿ ಕಾಣತೈತಿ ಅಂತಲ್ಲ? ಯಾವ ಕೆರಿ? ಅಣ್ಣಿಗೇರ್ಯಾಗ ನಳದ ನೀರ ಕಂಡ್ರ ಸಾಕಾಗೇತಿ.

ಕಲ್ಲವ್ವ: ಅದು ಬರೇ ಹೆಸರಂತ್ರಿ. ಏಜೆಂಟ ಸಿದ್ಧಾರೂಢ ಹೇಳ್ಯಾನ. ಕೆರಿ ಇಲ್ಲ ಏನಿಲ್ಲ.

ಈರಬಸಪ್ಪ: ನಾ ಹೇಳಿದ ಗಿಡ ಇಲ್ಲಂದ್ರ ಸುಳ್ಳು. ಅಂವ ಹೇಳಿದ ಕೆರಿ ಇಲ್ಲಂದ್ರ ಬರೇ ಹೆಸರು! ಛಲೋ ಐತಿ.

ಕಲ್ಲವ್ವ: ನಾಕು ಗಂಟೆಕ್ಕ ಅಂವ ಹುಬ್ಬಳ್ಳಿಯಿಂದ ಕರಾರು ಪತ್ರಾ ತಗೊಂಡ ಬರಾಂವ ಅದಾನ. ಅಷ್ಟರಾಗ ಈಗ ಫೋನ್ ಮಾಡಿದ ಹುಡುಗ ಬಂದು ಈ ಮನಿ ಕೊಳ್ಳಾಕ ಹೂಂ ಅಂದ್ರ ನಾ ಸಹಿ ಮಾಡತೀನಿ. ನೀವು ಒಂದ್ಸಲನರ ಬಂದು ಪ್ಲಾಟ್ ನೋಡಿದ್ರೇನು? ಎಲ್ಲೈತಿ ಅಂತ ಬಾಯಿ ತಗದ ಕೇಳಿದ್ರೇನು?

ಈರಬಸಪ್ಪ ಕೇಳಿರಲಿಲ್ಲ. ಕೇಳಿದರೆ ಅರ್ಧ ಒಪ್ಪಿದಂತೆ ಎಂಬುದು ಅವನ ಲೆಕ್ಕಾಚಾರ. ಕಲ್ಲವ್ವ ಬಸ್ ಸ್ಟ್ಯಾಂಡಿಗೆ ಹೋಗಿ ಏಜೆಂಟನ ಕಾರಿನಲ್ಲಿ ಕೂತು ಬೈಪಾಸಿನ ಗುಂಟ ಹೋಗಿ ಪ್ಲಾಟು ನೋಡಿ ಬಂದ ದಿನ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವನ ಹೋರಾಟದ ಬಗೆಯೇ ಬೇರೆ. ಅದು ಹೆಂಡತಿಗೆ ಈಗ ಹೊಳೆಯತೊಡಗಿತ್ತು.

ಕಲ್ಲವ್ವ: ಅಲ್ರೀ... ಮೊನ್ನೆ ಆ ಸಾಲಿ ಮಾಸ್ತರ ಮನಿ ನೋಡಾಕ ಬರತೀನಿ ಅಂದಾಂವ ಬರಲಿಲ್ಲ. ಯಾಕ?

ಈರಬಸಪ್ಪ: ನನಗೇನ ಗೊತ್ತು?

ಕಲ್ಲವ್ವ: ಬೇವಿನ ಗಿಡ ಹುಡಕ್ಕೋತ ನವಲಗುಂದ ರಸ್ತಾ ಹಿಡದಾನ! ಅದರ ಹಿಂದಿನ ವಾರ ಮಿಶ್ರಿಕೋಟ್ಯಾವ್ರು ಬಂದಿದ್ರು. ನಮ್ಮ ತೌರಮನಿ ಕಡ್ಯಾವ್ರು. ಗಿರಣಿ ಸಪ್ಪಳಾ ಕೇಳಾಕ ಕಿವಿ ಕೊಟ್ಟು ನಿಂತು ನಿಂತು, ಸಾಕಾಗಿ ಬಸ್ ಹತ್ತಿ ಹ್ವಾದ್ರಂತ. ನೀವು ಬೇಕಂತ ಮಾಡಾಕತ್ತೀರಿ!

ಈರಬಸಪ್ಪ: ಜನ್ಮದಾಗ ಒಬ್ಬ ಪ್ಯಾಸೆಂಜರನ್ನ ತಪ್ಪು ಸ್ಟಾಪಿಗೆ ಇಳಿಸಿಲ್ಲ ನಾ.

ಕಲ್ಲವ್ವ: ಹೌದ್ರಿ. ಈಗ ಯಾವ ಸ್ಟಾಪಿಗೂ ಇಳಸಾಕತ್ತಿಲ್ಲ!

ಅಷ್ಟರಲ್ಲಿ ಬಾಗಿಲ ಹೊರಗೆ ಧೊಪ್ಪೆಂಬ ಸದ್ದಾಯಿತು. ಹಿಂದೆಯೇ ಒಂದು ಹೆಣ್ಣುದನಿ.

ದನಿ: ಯಾ ಅಲ್ಲಾ! ಏ ಈರ್ಯಾ! ಮೂರು ಪಾವಟಿಗಿ ಏರಬೇಕು ಅಂದ್ಯಲ್ಲೋ! ಕಾಲ ಎತ್ತಿದ್ನಿ, ಕೆಳಗ ನೆಲಾನ ಸಿಗವಲ್ತು!

ಈರ್ಯಾ ಎಂದು ಕರೆಯುವವರು ಈ ಭೂಮಿಯ ಮೇಲೆ ಇನ್ನೂ ಉಳಿದಿದ್ದಾರೆಂಬುದನ್ನು ಈರಬಸಪ್ಪ ಮರೆತೇಬಿಟ್ಟಿದ್ದ. ಒಬ್ಬ ತರುಣ ಮುದುಕಿಯೊಬ್ಬಳ ರಟ್ಟೆ ಹಿಡಿದು ರಸ್ತೆಯಿಂದ ಹೊಸ್ತಿಲೊಳಗೆ ಇಳಿಸಿದ. ಈರಬಸಪ್ಪ ಎದ್ದು ನಿಂತ.

ಈರಬಸಪ್ಪ: ಮೆಹರಕ್ಕಾ? ನಮ್ಮ ಬಾಜೂಮನಿ ಮೆಹರುನಬಿ ಅಕ್ಕಾ? ಮದಿವ್ಯಾಗಿ ಮೊರಬಕ್ಕ ಹ್ವಾದಾಕಿ?

ಮೆಹರುನಬಿ: ಹ್ವಾದಾಕಿ, ಹೊಳ್ಳಿ ಬಂದೀನಿ. ಇಂವ ಮೊಮ್ಮಗ ಯುನೂಸ್. ಗೌಂಡಿ ಕೆಲಸ ಮಾಡತಾನ, ಇಲ್ಲೇ ಅಣ್ಣಿಗೇರ್ಯಾಗ ಮನಿ ಕಟ್ಟಾಕ ಬರತಾನ. ಇಲ್ಲೇ ಇರೂಣು ನಡಿ ಅಂದ್ನಿ.

ಕಲ್ಲವ್ವ: (ಹಿಗ್ಗಿ) ಬರ್ರಿ ಬರ್ರಿ, ಕುಂದರ್ರಿ! ಮನಿ ಹೆಂಗ ಸಿಕ್ತ್ರಿ ನಿಮಗ?

ಯುನೂಸ್: ನನಗ ಸಿಗಲಿಲ್ಲರಿ ಕಾಕು. ಫೋನಿನ್ಯಾಗ ಕಾಕಾ ಹೇಳಿದ್ದು ಒಂದೂ ಕಾಣವಲ್ದು. ಬೈಕಿನ ಹಿಂದ ಕುಂತ ದಾದಿ, ನಮ್ಮಜ್ಜಿನ, 'ಗಿರಣಿ ಬಂತು, ಹೊಳ್ಳಸು' ಅಂದ್ಲು. ನನಗ ಮೊಬೈಲ್ ಅಂಗಡಿ ಹಾಡ ಕೇಳಸಾಕತ್ತಿತ್ತು. 'ಗರಡಿಮನಿ ದಾಟಿತು, ಬೇವಿನ ನೆರಳು ಬಂತು, ಎಡಕ್ಕ ತಗೋ' ಅಂದ್ಲು. ನೋಡಿದ್ರ ಟ್ರಾನ್ಸ್‌ಫಾರ್ಮರು!

ಮೆಹರುನಬಿ: ಕಣ್ಣ ಮಸುಕಾಗ್ಯಾವವ್ವಾ. ಈಗಿನ ಊರು ಕಾಣೂದುಲ್ಲ. ಅಡ್ಡ ಬರಾಕ ಏನೂ ಇಲ್ಲ ನೋಡು, ಹಳೇದು ಅಗದಿ ಸ್ವಚ್ಛ ಕಾಣತೈತಿ.

ಈರಬಸಪ್ಪ ಮತ್ತೆ ಕಟ್ಟೆಯ ಮೇಲೆ ಕುಕ್ಕರಿಸಿದ. ಇಲ್ಲದ ಗಿರಣಿ, ಇಲ್ಲದ ಗರಡಿ, ಇಲ್ಲದ ಗಿಡ — ಇಷ್ಟು ದಿನ ಮನೆಯ ಸುತ್ತ ಅವನು ಕಟ್ಟಿಕೊಂಡಿದ್ದ ಕೋಟೆಯನ್ನು ಕಣ್ಣು ಕಾಣದ ಮುದುಕಿಯೊಬ್ಬಳು ಬೈಕಿನ ಹಿಂದೆ ಕೂತು ದಾಟಿ ಬಂದಿದ್ದಳು. ಅವನ ದಾರಿ ಹಿಡಿದು ಬರಬಲ್ಲ ಗಿರಾಕಿ ಎಂದರೆ, ಅವನು ಇಲ್ಲವೆನ್ನಲಾರದ ಗಿರಾಕಿಯೇ ಆಗಿರಬೇಕಿತ್ತೆ?

ಕಲ್ಲವ್ವ: (ಗಂಡನಿಗೆ, ಸಕ್ಕರೆಯಂಥ ದನಿಯಲ್ಲಿ) ಎಷ್ಟು ಚಂದ ದಾರಿ ಹೇಳೀರಿ ನೋಡ್ರಿ. ಸುಮ್ಮಸುಮ್ಮನ ಬೈದ್ನಿ ನಿಮ್ಮನ್ನ. ಚಾ ಮಾಡಲೇನು?

ಈರಬಸಪ್ಪ: ಮೆಹರಕ್ಕಾ, ಮನಿ ತಗ್ಗಿನ್ಯಾಗ ಐತಿ. ಮಳಿಗಾಲದಾಗ ನೀರ ಬರತೈತಿ. ಒಲಿ ಮುಂದ ಚಪ್ಪಲಿ ತೇಲತಾವು.

ಕಲ್ಲವ್ವ: ಒಂದ ಜೋಡು! ಅದೂ ಒಂದ ಸಲ! ಮಶಾಕಸಾಬ ಅಣ್ಣಾರ ಚಪ್ಪಲಿರಿ, ಹೊರಗಿನವರವಲ್ಲ. ಈ ಓಣ್ಯಾಗ ಎಲ್ಲಾರೂ ಮನಿಮಂದಿ ಇದ್ದಂಗ ಅದಾರ್ರಿ.

ಸ್ವಲ್ಪ ಹೊತ್ತಿನ ಹಿಂದೆ ತಾನು ಆಡಿದ ಮಾತು ಹೆಂಡತಿಯ ಬಾಯಲ್ಲಿ ಇಷ್ಟು ಸೊಗಸಾಗಿ ಕೇಳಿಸಬಹುದೆಂದು ಈರಬಸಪ್ಪ ಊಹಿಸಿರಲಿಲ್ಲ. ಚಹಾ ಬಂತು. ಮೆಹರುನಬಿ ಬಸಿಗೆ ಸುರುವಿಕೊಂಡು ಊದಿದಳು.

ಮೆಹರುನಬಿ: ಮನಿ ನನಗ ಒಪ್ಪಿಗಿ. ನೀವು ಎಲ್ಲೆ ಹೋಗಾವ್ರು?

ಕಲ್ಲವ್ವ: ಲೇಕ್ ವ್ಯೂ ಲೇಔಟಿಗಿರಿ.

ಮೆಹರುನಬಿ: ಅದೆಲ್ಲೈತಿ?

ಕಲ್ಲವ್ವ: ಬೈಪಾಸ್ ದಾಟಿದ ಕೂಡ್ಲೆ ದೊಡ್ಡ ಕಮಾನ ಐತ್ರಿ. ಒಳಗ ಮೊದಲನೇ ಕ್ರಾಸು, ಎರಡನೇ ಕ್ರಾಸು... ಎಲ್ಲಾ ಕಡೆ ಬಿಳೀ ಕಲ್ಲ ನೆಟ್ಟಾರ್ರಿ.

ಮೆಹರುನಬಿ: ಕ್ರಾಸು ಗೀಸು ನನಗ ತಿಳೀದುಲ್ಲ ಯವ್ವಾ. ಗುರುತ ಹೇಳು.

ಕಲ್ಲವ್ವ ಮನಸ್ಸಿನಲ್ಲೇ ಕಮಾನಿನೊಳಗೆ ಹೊಕ್ಕು ನೋಡಿದಳು. ಬಿಳಿಯ ಕಲ್ಲುಗಳು ಒಂದರಂತೆ ಇನ್ನೊಂದು. ಅವುಗಳಲ್ಲಿ ಗುರುತೆಂಬುದು ಎಲ್ಲಿತ್ತು?

ಕಲ್ಲವ್ವ: ಗುರುತಂದ್ರ... ಮುದಕಪ್ಪನ ಹತ್ತಿ ಹೊಲ ಇತ್ತಲ್ರಿ?

ಈರಬಸಪ್ಪ: (ಕುಳಿತಲ್ಲಿಂದ ಜಿಗಿದು) ಇತ್ತು! ಇತ್ತಂದಿ ನೋಡು! ಈಗ ಐತೇನು? ಇಲ್ಲದ ಹೊಲದ ಗುರುತ ಹೇಳಾಕತ್ತೀ! ಯುನೂಸ್, ಕೇಳಿದೇನೋ?

ಕಲ್ಲವ್ವ: ಸುಮ್ಕಿರ್ರಿ ನೀವು. ಆ ಹೊಲ ಮುಗದಲ್ಲೆ ಹಳೇ ಕಲ್ಲಿನ ಪಾವಟಿಗಿ ಅದಾವ್ರಿ. ಅವನ್ನ ಹಂಗ ಉಳಿಸಿ ಪಾರ್ಕ್ ಮಾಡತಾರಂತ. ಪಾವಟಿಗಿ ಇಳದು ಎಡಕ್ಕ ಹೊಳ್ಳಿದ್ರ ನಮ್ಮ ಪ್ಲಾಟು.

ಮೆಹರುನಬಿಯ ಬಸಿ ತುಟಿಯ ಹತ್ತಿರ ತಡೆದು ನಿಂತಿತು.

ಮೆಹರುನಬಿ: ಮುದಕಪ್ಪನ ಹೊಲದ ಕಡೀಕ, ಕಲ್ಲಿನ ಪಾವಟಿಗಿ? ಕೆಳಗ ಇಳಿಯಾವು?

ಕಲ್ಲವ್ವ: ಹೌದ್ರಿ.

ಮೆಹರುನಬಿ: ಅದು ಹೊಂಡ ಅಲ್ಲೇನ ಯವ್ವಾ! ಮದಿವಿ ಆಗೂತನಕ ಕೊಡಾ ಹೊತ್ತಾಕಿ ನಾ ಅಲ್ಲಿಂದ. ಮಳಿ ಆತಂದ್ರ ಊರ ನೀರೆಲ್ಲಾ ಅಲ್ಲಿಗೇ ಹೋಗಿ ಕುಂದರತಿತ್ತು. ಪಾವಟಿಗಿ ಇಳದ ಮ್ಯಾಲ ಎಡಕ್ಕ ಮಾತ್ರ ಹೋಗಬ್ಯಾಡ ಅಂತ ನಮ್ಮವ್ವ ದಿನಾ ಬೈತಿದ್ಲು. ಎಡಕ್ಕ ಅಗದಿ ಆಳ.

ಅಲ್ಲೇ ಒಂದು ಪ್ಲಾಟಿನ ಆಸೆ ಇಟ್ಟುಕೊಂಡಿದ್ದ ಯುನೂಸನ ಕಿಸೆಯಿಂದ ಲೇಕ್ ವ್ಯೂ ಲೇಔಟಿನ ಬಣ್ಣದ ಕರಪತ್ರವೊಂದು ಅರ್ಧ ಇಣುಕುತ್ತಿತ್ತು. ಅಜ್ಜಿಯ ಕಣ್ಣಿಗೆ ಬೀಳದೆಂಬ ಧೈರ್ಯವಿದ್ದರೂ ಅವನು ಅದನ್ನು ಮೆಲ್ಲಗೆ ಒಳಗೆ ತಳ್ಳಿದ.

ಕಲ್ಲವ್ವ: (ಕ್ಷೀಣವಾಗಿ) ಬರೇ ಹೆಸರು ಅಂದಿದ್ನಲ್ರಿ ಅಂವ...

ಈರಬಸಪ್ಪ: ಪಾಪ, ಅಂವಗೇನೂ ಅನಬ್ಯಾಡ. ಲೇಕ್ ವ್ಯೂ ಅಂದಾನ, ದಂಡಿ ಮ್ಯಾಲ ನಿಂತು ನೋಡೂ ವ್ಯೂ ಅಂತ ಅಂದಿಲ್ಲ. ಒಳಗ ನಿಂತ ನೋಡೂದು. ಕಾಳಜಿ ಬ್ಯಾಡ, ನಿನ್ನ ಚಪ್ಪಲಿ ತೇಲಿಕೊಂಡು ಓಣಿ ತನಕ ಬಂದ್ರ ಮಶಾಕಸಾಬ ಗುರುತ ಹಿಡದು ಎತ್ತಿ ಇಟ್ಟಿರತಾನ.

ಕಲ್ಲವ್ವ: ಅಲ್ಲಾ, ಈ ಊರಾಗ ಹುಟ್ಟಿ ಬೆಳದಾವ್ರು ನೀವು. ಹೊಂಡ ಐತಿ ಅಂತ ಒಂದ ಮಾತ ಹೇಳಬಾರದೇನ್ರಿ?

ಈರಬಸಪ್ಪ: ನೀ ಗುರುತ ಹೇಳಿದ್ರ ನಾ ಹೊಂಡ ಹೇಳತಿದ್ದೆ. ನೀ ಬರೇ ಕ್ರಾಸ್ ಹೇಳಿದಿ.

ಯುನೂಸ್: ಕಾಕು, ಒಂದ ಮಾತ ಹೇಳಲೇನ್ರಿ? ಮುರುಮು ಮಣ್ಣ ತುಂಬಿಸಿ ಈ ಮನಿ ನೆಲಾ ರಸ್ತೆಕಿಂತ ಎತ್ತರ ಮಾಡಬಹುದು. ನಾನ ಮಾಡಿಕೊಡತೀನಿ. ಆದ್ರ ಬಾಗಲಾ ಗಿಡ್ಡಾಗತೈತಿ, ಕಾಕಾರ ತಲಿ ಚೌಕಟ್ಟಿಗೆ ಬಡೀತೈತಿ.

ಕಲ್ಲವ್ವ: ಬಡೀಲಿ. ಅಲ್ಲೇ ಬಡೀಬೇಕಾಗಿತ್ತು.

ಮೆಹರುನಬಿ: ಹಂಗಾರ ಮನಿ ಕೊಡೂದುಲ್ಲಾ?

ಕಲ್ಲವ್ವ ಗಂಡನನ್ನು ನೋಡಲಿಲ್ಲ. ನೋಡಿದ್ದರೆ ಅವನು ಉಸಿರು ಬಿಗಿಹಿಡಿದು ಕೂತದ್ದು ಕಾಣುತ್ತಿತ್ತು.

ಕಲ್ಲವ್ವ: ಮನಿ ಕೊಡಾಕ ಒಲ್ಲೆ ಅಕ್ಕಾ. ಹಿತ್ತಲದಾಗ ಖೋಲಿ ಖಾಲಿ ಐತಿ, ಬಾಡಗಿಗೆ ಬೇಕಾದ್ರ ನೋಡ್ರಿ. ನೀವು ಮನ್ಯಾಗ ಇದ್ರ ಛಲೋ. ಇವರು ಹೇಳಿದ್ದು ಖರೇನೋ ಸುಳ್ಳೋ ಕೇಳಾಕ ನನಗೊಬ್ಬರು ಬೇಕು.

ಈರಬಸಪ್ಪ ಉಸಿರು ಬಿಟ್ಟ. ಅದೇ ಹೊತ್ತಿಗೆ ಕಲ್ಲವ್ವನ ಫೋನು ಹಾಡತೊಡಗಿತು. ಸಿದ್ಧಾರೂಢ! ಬಸ್ ಸ್ಟ್ಯಾಂಡಿನ ಗದ್ದಲದ ನಡುವಿನಿಂದ ಅವನ ಉತ್ಸಾಹದ ದನಿ ಕೋಣೆಯ ತುಂಬ ಕೇಳಿಸಿತು.

ಸಿದ್ಧಾರೂಢ: ಮೇಡಂ, ಬಂದೆ ಮೇಡಂ! ಕರಾರು ಪತ್ರಾ ತಂದೀನಿ. ಮನಿಗೆ ಹೆಂಗ ಬರಬೇಕ್ರಿ?

ಈರಬಸಪ್ಪ ಹೆಂಡತಿಯನ್ನು ನೋಡಿದ. ಕಲ್ಲವ್ವ ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಪರವೂರಿನವನಿಗೆ ದಾರಿ ತೋರುವ ಪುಣ್ಯವಂತೆಯ ಮುಖ ಮಾಡಿಕೊಂಡಳು.

ಕಲ್ಲವ್ವ: ಬರ್ರಿ ಬರ್ರಿ, ಭಾಳ ಸಸಾರ ಐತಿ. ಸೀದಾ ಬರ್ರಿ. ಗಿರಣಿ ಸಪ್ಪಳಾ ಕೇಳೂತನಕ ಎಲ್ಲೂ ನಿಂದರಬ್ಯಾಡ್ರಿ. ಕೇಳಿದ ಕೂಡ್ಲೆ ಬಲಕ್ಕ ಹೊಳ್ಳರಿ. ಗರಡಿಮನಿ ಆದಮ್ಯಾಲೆ ಬೇವಿನ ಗಿಡ. ಗಿಡದಿಂದ ಎಡಕ್ಕ... ಏನಂದ್ರಿ? ಲೊಕೇಶನ್ನಾ?

ಅವಳು ಗಂಡನ ಕಡೆಗೆ ನೋಡಿದಳು.

ಕಲ್ಲವ್ವ: ನಮ್ಮ ಮನಿ ಇದ್ದಲ್ಲೇ ಐತ್ರಿ. ಅದನ್ನ ಕಳಸೂದು ಹೆಂಗ?